ಆಟಕ್ಕೂ ಪಾಳಿ ಬೇಕು



ಊರ ಹಬ್ಬದಲ್ಲಿ ಊಟಕ್ಕೆ ಕೂತಿದ್ದೀರಿ ಅಂದುಕೊಳ್ಳಿ. ಸಾಲಾಗಿ ಎಲೆ ಹಾಕಿದ್ದಾರೆ. ಕೆಲವರ ಎಲೆಗೆ ಮೂರು ಸಲ ಪಾಯಸ ಬಂತು. ಕೆಲವರ ಎಲೆಗೆ ಒಂದು ಸಲವೂ ಬರಲಿಲ್ಲ. ನಿಮಗೆ ಹೇಗೆ ಅನಿಸುತ್ತದೆ? ಇದನ್ನು ಪಂಕ್ತಿಭೇದ ಅನ್ನುತ್ತಾರೆ. ಇದು ತಪ್ಪು ಅಂತ ಎಲ್ಲರಿಗೂ ಗೊತ್ತು.

ಮಕ್ಕಳ ಆಟದಲ್ಲೂ ಇಂಥ ಪಂಕ್ತಿಭೇದ ನಡೆಯುತ್ತದೆ. ಆದರೆ ಅದು ಬೇಗ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಕಣ್ಣಿಗೂ ಬಿದ್ದಿರಲಿಲ್ಲ. ಒಬ್ಬ ತಾಯಿ ತೋರಿಸಿಕೊಟ್ಟರು. ಆ ಮಾತು ಮೊದಲು ಹೇಳುತ್ತೇವೆ.

ಮಣ್ಣಾಗದ ಅಂಗಿ

ನಾವು ಹಗಲು ಶಾಲೆಯಲ್ಲಿ ಪಾಠ ಮಾಡುತ್ತೇವೆ. ಸಂಜೆ ಮಕ್ಕಳಿಗೆ ಫುಟ್ಬಾಲ್ ಆಡಿಸುತ್ತೇವೆ. ರಾತ್ರಿ ಅಕ್ಷರ ಕಲಿಯುವ ಅಕ್ಕಂದಿರ ಜೊತೆ ಕೂರುತ್ತೇವೆ.

ನಮ್ಮ ತಂಡದಲ್ಲಿ ಹತ್ತು ಮಕ್ಕಳು. ಹುಡುಗರೂ ಇದ್ದಾರೆ, ಹುಡುಗಿಯರೂ ಇದ್ದಾರೆ. ನಮ್ಮದು ಚಿಕ್ಕ ಮೈದಾನ. ಒಂದು ಸಲಕ್ಕೆ ಏಳು ಮಕ್ಕಳು ಆಡಬಹುದು. ಉಳಿದ ಮೂವರು ಗೆರೆಯ ಆಚೆ ಕೂರಬೇಕು.

ಆ ಮೂವರಲ್ಲಿ ಒಬ್ಬಳು ಆರನೇ ತರಗತಿಯ ಹುಡುಗಿ. ದಿನಾ ಎಲ್ಲರಿಗಿಂತ ಮೊದಲು ಬರೋಳು. ಕೊಡದಲ್ಲಿ ನೀರು ತುಂಬಿ ಇಡೋಳು. ಚೆಂಡು ಬೇಲಿ ದಾಟಿದರೆ ಓಡಿಹೋಗಿ ತರೋಳು. "ನಾಳೆ ನೀನು ಆಡು" ಅಂತ ನಾವು ಹೇಳುತ್ತಿದ್ದೆವು. ಆ ನಾಳೆ ಬರಲೇ ಇಲ್ಲ. ಪಂದ್ಯ ಗೆಲ್ಲಬೇಕು ಅಂತ ಚುರುಕಾದ ಏಳು ಮಕ್ಕಳನ್ನೇ ಇಳಿಸುತ್ತಿದ್ದೆವು.

ಒಂದು ರಾತ್ರಿ ಪಾಠ ಮುಗಿಯಿತು. ಅವಳ ತಾಯಿ ಮಾತ್ರ ಎದ್ದು ಹೋಗಲಿಲ್ಲ. "ಟೀಚರ್, ಒಂದು ಮಾತು ಕೇಳಲಾ?" ಅಂದರು. "ಕೇಳಿ ಅಕ್ಕ" ಅಂದೆವು.

"ಬಟ್ಟೆ ಒಗೆಯೋಳು ನಾನು. ಬೇರೆ ಮಕ್ಕಳ ಅಂಗಿ ತುಂಬಾ ಕೆಂಪು ಮಣ್ಣು. ನನ್ನ ಮಗಳ ಅಂಗಿ ಹೋದ ಹಾಗೇ ವಾಪಸ್ ಬರ್ತದೆ. ಅವಳು ಆಡ್ತಾಳೋ, ನೋಡ್ತಾ ಕೂರ್ತಾಳೋ?"

ನಮ್ಮ ಬಾಯಿಂದ ಮಾತು ಬರಲಿಲ್ಲ. ತಪ್ಪು ನಮ್ಮದೇ ಆಗಿತ್ತು.

ಆಡದೆ ಆಟ ಬರುವುದಿಲ್ಲ

"ಅವಳಿಗೆ ಇನ್ನೂ ಆಟ ಬರೋದಿಲ್ಲ" ಅಂತ ನಾವು ಸಮಾಧಾನ ಮಾಡಿಕೊಂಡಿದ್ದೆವು. ಆದರೆ ಯೋಚನೆ ಮಾಡಿ. ನೀರಿಗೆ ಇಳಿಯದೆ ಈಜು ಬರುತ್ತದೆಯೇ? ಹಾಡ್ತಾ ಹಾಡ್ತಾ ರಾಗ ಅನ್ನುತ್ತಾರೆ ಹಿರಿಯರು. ಆಡ್ತಾ ಆಡ್ತಾನೇ ಆಟ.

ಅಕ್ಷರ ಕಲಿತ ಮೊದಲ ದಿನಗಳನ್ನು ನೆನೆಸಿಕೊಳ್ಳಿ. ಬಳಪ ಹಿಡಿದಾಗ ಕೈ ನಡುಗುತ್ತಿತ್ತು. 'ಅ' ಬರೆದರೆ ಗೆರೆ ಎಲ್ಲೆಲ್ಲೋ ಹೋಗುತ್ತಿತ್ತು. ಆಗ ಯಾರಾದರೂ, "ನಿಮಗೆ ಬರೋದಿಲ್ಲ, ಬರೋರಿಗೆ ಸ್ಲೇಟು ಕೊಡಿ" ಅಂದಿದ್ದರೆ? ಇವತ್ತು ಈ ಸಾಲು ನೀವು ಓದುತ್ತಿದ್ದಿರಾ? ಬರದವರಿಗೇ ಸ್ಲೇಟು ಮೊದಲು ಬೇಕು. ಹಾಗೆಯೇ ಆಟ ಬರದ ಮಗುವಿಗೂ ಚೆಂಡು ಬೇಕು.

ಮೈದಾನದಲ್ಲಿ ಮಗು ಕಾಲು ಬಲಗೊಳಿಸಿಕೊಳ್ಳುತ್ತದೆ. ಉಸಿರು ಹಿಡಿಯಲು ಕಲಿಯುತ್ತದೆ. ಚೆಂಡನ್ನು ಇನ್ನೊಬ್ಬರಿಗೆ ಕೊಡಲು ಕಲಿಯುತ್ತದೆ. ಬಿದ್ದರೆ ಎದ್ದು ನಿಲ್ಲಲು ಕಲಿಯುತ್ತದೆ. ಗೆರೆಯ ಆಚೆ ಕೂತ ಮಗು ಒಂದನ್ನು ಮಾತ್ರ ಕಲಿಯುತ್ತದೆ. ನಾನು ಬೇಡದವಳು ಅನ್ನುವುದನ್ನು ಕಲಿಯುತ್ತದೆ. ಕೆಲವು ದಿನ ಹೀಗೆ ಕೂತು, ಆಮೇಲೆ ಬರುವುದನ್ನೇ ಬಿಡುತ್ತದೆ.

ನಾವೇ ಮಾಡಿದ ಲೆಕ್ಕ

ಮಾರನೆಯ ರಾತ್ರಿ ಕೇಂದ್ರದಲ್ಲಿ ಇದೇ ವಿಷಯ ಬೋರ್ಡಿನ ಮೇಲೆ ಬರೆದೆವು. ಅಕ್ಕಂದಿರೆಲ್ಲ ಸೇರಿ ಲೆಕ್ಕ ಮಾಡಿದರು. ನೀವೂ ಮಾಡಿ ನೋಡಿ.

ನಮ್ಮ ಪಂದ್ಯ 40 ನಿಮಿಷ. ಮೊದಲ ಅರ್ಧ 20 ನಿಮಿಷ. ಎರಡನೇ ಅರ್ಧ 20 ನಿಮಿಷ.

ಇಷ್ಟು ದಿನ ಆಗಿದ್ದೇನು? ಏಳು ಮಕ್ಕಳಿಗೆ 40 ನಿಮಿಷ ಆಟ. ಮೂರು ಮಕ್ಕಳಿಗೆ ಸೊನ್ನೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ.

ಸಮವಾಗಿ ಹಂಚಿದರೆ?

ಏಳು ಜಾಗ, 40 ನಿಮಿಷ. 7 × 40 = 280 ನಿಮಿಷ.
ಹತ್ತು ಮಕ್ಕಳಿಗೆ ಹಂಚಿ. 280 ÷ 10 = 28 ನಿಮಿಷ.

ಅಂದರೆ ಪ್ರತಿ ಮಗುವಿಗೆ 28 ನಿಮಿಷ ಆಟ, 12 ನಿಮಿಷ ವಿಶ್ರಾಂತಿ. ಯಾರಿಗೂ ಸೊನ್ನೆ ಇಲ್ಲ.

ಇದನ್ನು ನಡೆಸುವುದು ಹೇಗೆ? ಕಾಲುವೆ ನೀರಿಗೆ ಪಾಳಿ ಇರುತ್ತದೆ. ಇವತ್ತು ನಿಮ್ಮ ಗದ್ದೆಗೆ, ನಾಳೆ ನಮ್ಮ ಗದ್ದೆಗೆ. ಹಾಗೆಯೇ ಆಟಕ್ಕೂ ಪಾಳಿ ಮಾಡಿದೆವು. 40 ನಿಮಿಷವನ್ನು ಹತ್ತು ಪಾಳಿ ಮಾಡಿದೆವು. ಒಂದು ಪಾಳಿಗೆ 4 ನಿಮಿಷ. ಮಕ್ಕಳಿಗೆ 1ರಿಂದ 10ರವರೆಗೆ ನಂಬರು ಕೊಟ್ಟೆವು. ಪ್ರತಿ ಪಾಳಿಯಲ್ಲಿ ಹೊರಗೆ ಕೂರುವ ಮೂವರ ನಂಬರು ಹೀಗೆ:

ಪಾಳಿ 1: 1, 2, 3
ಪಾಳಿ 2: 4, 5, 6
ಪಾಳಿ 3: 7, 8, 9
ಪಾಳಿ 4: 10, 1, 2
ಪಾಳಿ 5: 3, 4, 5
ಪಾಳಿ 6: 6, 7, 8
ಪಾಳಿ 7: 9, 10, 1
ಪಾಳಿ 8: 2, 3, 4
ಪಾಳಿ 9: 5, 6, 7
ಪಾಳಿ 10: 8, 9, 10

ಬೆರಳಿಟ್ಟು ಎಣಿಸಿ. ಪ್ರತಿ ಮಗು ಮೂರು ಪಾಳಿ ಹೊರಗೆ, ಏಳು ಪಾಳಿ ಒಳಗೆ. ಏಳು ನಾಕಲೆ ಇಪ್ಪತ್ತೆಂಟು. ಲೆಕ್ಕ ಸರಿ ಬಂತಲ್ಲ?

ಈ ಪಟ್ಟಿ ಹಿಡಿದುಕೊಂಡು ಯಾರು ನಿಂತರು ಗೊತ್ತೇ? ಆ ತಾಯಿಯೇ. ಒಂದು ಕೈಯಲ್ಲಿ ಗಡಿಯಾರ, ಇನ್ನೊಂದು ಕೈಯಲ್ಲಿ ಪೆನ್ಸಿಲ್. ನಾಲ್ಕು ನಿಮಿಷ ಆದ ಕೂಡಲೇ ನಂಬರು ಕೂಗುತ್ತಿದ್ದರು. ಕೂತ ಮಗುವಿನ ನಂಬರಿಗೆ ಗುರುತು ಹಾಕುತ್ತಿದ್ದರು. ನಾವು ಮರೆತರೂ ಪಟ್ಟಿ ಮರೆಯುವುದಿಲ್ಲ.

ನಿಯಮ ಏನು ಹೇಳುತ್ತದೆ?

ದೊಡ್ಡವರ ಫುಟ್ಬಾಲ್ ಪಂದ್ಯ 90 ನಿಮಿಷ. ಒಂದು ತಂಡದಲ್ಲಿ 11 ಜನ ಆಡುತ್ತಾರೆ. ದೊಡ್ಡ ಪಂದ್ಯಗಳಲ್ಲಿ ಬದಲಿ ಆಟಗಾರ ಬಂದ ಮೇಲೆ ಹೊರಗೆ ಹೋದವರು ಮತ್ತೆ ಒಳಗೆ ಬರುವಂತಿಲ್ಲ. ಆದರೆ ಮಕ್ಕಳ ಆಟದಲ್ಲಿ ಮತ್ತೆ ಮತ್ತೆ ಒಳಗೆ ಹೊರಗೆ ಹೋಗಲು ಅವಕಾಶ ಕೊಡಬಹುದು. ಫುಟ್ಬಾಲ್ ನಿಯಮದ ಪುಸ್ತಕವೇ ಇದಕ್ಕೆ ದಾರಿ ಬಿಟ್ಟಿದೆ. ಪಂದ್ಯ ಶುರು ಆಗುವ ಮೊದಲೇ ಎರಡೂ ತಂಡದವರು ಇದನ್ನು ಮಾತಾಡಿಕೊಳ್ಳಬೇಕು.

ಈ ಯೋಚನೆ ಹೊಸದಲ್ಲ. ಅಮೆರಿಕ ದೇಶದಲ್ಲಿ ಫುಟ್ಬಾಲನ್ನು ಸಾಕರ್ ಅನ್ನುತ್ತಾರೆ. ಅಲ್ಲಿ ಕ್ಯಾಲಿಫೋರ್ನಿಯಾ ಅನ್ನುವ ರಾಜ್ಯ ಇದೆ. ಆ ರಾಜ್ಯದ ಟಾರೆನ್ಸ್ ಊರಿನಲ್ಲಿ 1964ರಲ್ಲಿ ಮಕ್ಕಳ ಸಾಕರ್ ಸಂಘ ಶುರುವಾಯಿತು. ಅದರ ಹೆಸರು ಅಮೆರಿಕನ್ ಯೂತ್ ಸಾಕರ್ ಆರ್ಗನೈಜೇಷನ್. ಎಲ್ಲರೂ ಆಡಬೇಕು ಅನ್ನುವುದು ಅದರ ಮುಖ್ಯ ನಿಯಮ. ತಂಡದ ಪ್ರತಿ ಮಗು ಪ್ರತಿ ಪಂದ್ಯದಲ್ಲಿ ಕಡಿಮೆ ಅಂದರೆ ಅರ್ಧ ಹೊತ್ತು ಆಡಬೇಕು. ಅಲ್ಲಿ ಆಟ ಕಲಿಸುವವರಲ್ಲಿ ಬಹಳ ಜನ ಸಂಬಳವಿಲ್ಲದ ತಂದೆ ತಾಯಂದಿರು. ನಮ್ಮ ನಿಮ್ಮ ಹಾಗೆಯೇ.

ಆಟ ಮಕ್ಕಳ ಹಕ್ಕು ಕೂಡ ಹೌದು. ವಿಶ್ವಸಂಸ್ಥೆ 1989ರಲ್ಲಿ ಮಕ್ಕಳ ಹಕ್ಕುಗಳ ಒಪ್ಪಂದ ಮಾಡಿತು. ಅದರ 31ನೇ ವಿಧಿಯಲ್ಲಿ ಆಟದ ಹಕ್ಕು ಬರೆದಿದೆ. ನಮ್ಮ ದೇಶ 1992ರಲ್ಲಿ ಅದನ್ನು ಒಪ್ಪಿಕೊಂಡಿತು. ನಮ್ಮ ಶಿಕ್ಷಣ ಹಕ್ಕು ಕಾಯ್ದೆ 2009ರದು. 2010ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಶಾಲೆಗೆ ಆಟದ ಮೈದಾನ ಇರಬೇಕು, ಆಟದ ಸಾಮಾನು ಇರಬೇಕು ಅಂತ ಅದು ಹೇಳುತ್ತದೆ. ಶಾಲೆಗೆ ಬಂದ ಚೆಂಡು ಏಳು ಮಕ್ಕಳದ್ದಲ್ಲ. ಎಲ್ಲರದ್ದೂ.

ಸೋತರೆ ಏನು ಮಾಡೋದು?

ಇದ್ದದ್ದು ಇದ್ದ ಹಾಗೆ ಹೇಳುತ್ತೇವೆ. ಪಾಳಿ ಮಾಡಿದ ಮೊದಲ ಪಂದ್ಯ ನಾವು ಸೋತೆವು. ಕೆಲವು ತಂದೆಯರು ಸಿಟ್ಟಾದರು. "ಚೆನ್ನಾಗಿ ಆಡೋ ನನ್ನ ಮಗನನ್ನ ಯಾಕೆ ಕೂರಿಸಿದ್ರಿ?" ಅಂತ ಕೇಳಿದರು. ಅವರ ಮಾತಿನಲ್ಲಿ ಪೂರ್ತಿ ಸುಳ್ಳಿಲ್ಲ. ಗೆಲ್ಲುವುದು ಎಲ್ಲರಿಗೂ ಇಷ್ಟ. ಸೋತ ದಿನ ಮಕ್ಕಳೂ ಅತ್ತರು.

ನಾವು ಅವರಿಗೆ ಹೇಳಿದ್ದು ಇಷ್ಟೇ. ತಾಲ್ಲೂಕು, ಜಿಲ್ಲೆ ಅಂತ ದೊಡ್ಡ ಪಂದ್ಯಗಳಿಗೆ ಆರಿಸಿ ಕಳಿಸುವುದು ಇದ್ದೇ ಇದೆ. ಆದರೆ ಚಿಕ್ಕ ವಯಸ್ಸಿನಲ್ಲಿ ಎಲ್ಲರೂ ಕಲಿಯಬೇಕು. ಹತ್ತು ವರ್ಷದ ಮಗುವನ್ನು ನೋಡಿ ಅದು ಹದಿನೈದಕ್ಕೆ ಹೇಗೆ ಆಡುತ್ತದೆ ಅಂತ ಹೇಳಲು ಆಗುವುದಿಲ್ಲ. ಕೆಲವರು ಬೇಗ ಬೆಳೆಯುತ್ತಾರೆ, ಕೆಲವರು ತಡವಾಗಿ ಬೆಳೆಯುತ್ತಾರೆ. ಮೊಳಕೆ ತಡವಾಯಿತು ಅಂತ ನೀರು ನಿಲ್ಲಿಸುತ್ತೇವೆಯೇ? ಇನ್ನೊಂದು ಮಾತು. ಚುರುಕಾದ ಮಗುವೂ ಸ್ವಲ್ಪ ಹೊತ್ತು ಕೂರಬೇಕು. ಕೂತಾಗ ಅದಕ್ಕೆ ದಣಿವು ಆರುತ್ತದೆ. ಕೂತವರ ನೋವೂ ತಿಳಿಯುತ್ತದೆ.

ಕೆಲವು ಎಚ್ಚರದ ಮಾತು

ಸೋಲುವುದು ಖಾತ್ರಿ ಆದ ಮೇಲೆ ಕೊನೆಯ ಎರಡು ನಿಮಿಷ ಆಡಿಸಿದರೆ ಅದು ಪಾಳಿ ಅಲ್ಲ.

ಗೋಲ್ ಕಾಯುವ ಕೆಲಸ ಒಬ್ಬರಿಗೇ ಕಟ್ಟಬೇಡಿ. ಅದನ್ನೂ ಹಂಚಿ.

ಓದಿನಲ್ಲಿ ಹಿಂದೆ ಇದ್ದಾರೆ ಅಂತ ಆಟ ಕಿತ್ತುಕೊಳ್ಳಬೇಡಿ.

ಮೈ ಹುಷಾರಿಲ್ಲದ ಮಗುವನ್ನು ಪಾಳಿಗಾಗಿ ಬಲವಂತ ಮಾಡಬೇಡಿ.

ಫುಟ್ಬಾಲೇ ಆಗಬೇಕೆಂದಿಲ್ಲ. ಕಬಡ್ಡಿಯಲ್ಲಿ ಒಂದು ಕಡೆ 7 ಜನ ಆಡುತ್ತಾರೆ. ಖೊಖೊದಲ್ಲಿ ಬೆನ್ನಟ್ಟುವವರು 9 ಜನ. ಅಲ್ಲೂ ಹೊರಗೆ ಕೂತ ಮಕ್ಕಳು ಇರುತ್ತಾರೆ. ಅಲ್ಲೂ ಪಾಳಿ ಮಾಡಬಹುದು.

ಮನೆಯಲ್ಲೂ ಪಾಳಿ

ಕೊನೆಗೆ ನಮ್ಮ ನಮ್ಮ ಮನೆಯ ಮಾತು. ಸಂಜೆ ಆದರೆ ಮಗ ಚೆಂಡು ಹಿಡಿದು ಬಯಲಿಗೆ ಓಡುತ್ತಾನೆ. ಮಗಳಿಗೆ ನೀರು ತರುವ ಕೆಲಸ, ಪಾತ್ರೆ ತೊಳೆಯುವ ಕೆಲಸ, ತಮ್ಮನನ್ನು ಎತ್ತಿಕೊಳ್ಳುವ ಕೆಲಸ. ಅವಳು ಮೈದಾನಕ್ಕೇ ಬರದಿದ್ದರೆ ಟೀಚರ್ ಪಾಳಿ ಕೊಡುವುದು ಹೇಗೆ? ಇವತ್ತು ಮಗಳು ಆಡಲಿ, ಮಗ ನೀರು ತರಲಿ. ನಾಳೆ ಮಗ ಆಡಲಿ, ಮಗಳು ತರಲಿ. ಇಲ್ಲೂ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿ. ಬರೆಯಲು ಈಗ ನಿಮಗೆ ಬರುತ್ತದೆ.

ಆ ಹುಡುಗಿ ಈಗಲೂ ನಮ್ಮ ತಂಡದಲ್ಲಿ ಇದ್ದಾಳೆ. ಬಹಳ ದೊಡ್ಡ ಆಟಗಾರ್ತಿ ಆಗಿಲ್ಲ. ಗೋಲ್ ಇನ್ನೂ ಹೊಡೆದಿಲ್ಲ. ಆದರೆ ಚೆಂಡು ಬಂದರೆ ಹೆದರುವುದಿಲ್ಲ. ಮೊನ್ನೆ ಅವಳ ತಾಯಿ ಸಿಕ್ಕಿದ್ದರು.

"ಏನಕ್ಕ, ಅಂಗಿ ಹೇಗಿದೆ?" ಅಂತ ಕೇಳಿದೆವು.

"ಅಯ್ಯೋ ಟೀಚರ್, ಒಂದು ಸೋಪು ಸಾಲೋದಿಲ್ಲ" ಅಂತ ನಕ್ಕರು.

ಯೋಚಿಸಿ, ಮಾತಾಡಿ

1. ನಿಮ್ಮ ಊರ ಶಾಲೆಯ ಮೈದಾನಕ್ಕೆ ಒಂದು ಸಂಜೆ ಹೋಗಿ. ಎಷ್ಟು ಮಕ್ಕಳು ಆಡುತ್ತಿದ್ದಾರೆ? ಎಷ್ಟು ಮಕ್ಕಳು ನೋಡುತ್ತಿದ್ದಾರೆ? ಎಣಿಸಿ ಬರೆಯಿರಿ.
2. ತಂಡದಲ್ಲಿ 14 ಮಕ್ಕಳು. ಏಳು ಜನ ಆಡಬಹುದು. ಪಂದ್ಯ 40 ನಿಮಿಷ. ಒಂದು ಮಗುವಿಗೆ ಎಷ್ಟು ನಿಮಿಷ ಬರುತ್ತದೆ?
3. ನೀವು ಚಿಕ್ಕವರಿದ್ದಾಗ ಯಾವ ಆಟ ಆಡುತ್ತಿದ್ದಿರಿ? ಅದನ್ನು ಯಾವಾಗ ಬಿಟ್ಟಿರಿ? ಯಾಕೆ ಬಿಟ್ಟಿರಿ? ಗೆಳತಿಯರ ಜೊತೆ ಮಾತಾಡಿ.