ದೂರಕ್ಕೆ ನೀಲಿ ಬಂದ ದಾರಿ

ಅಜ್ಜಿಯ ಮನೆಯ ಬಚ್ಚಲಲ್ಲಿ ಹಂಡೆಯೊಲೆ ಹೊತ್ತಿಸಿದಾಗ ಏಳುತ್ತಿದ್ದ ಹೊಗೆಗೆ ಎರಡು ಬಣ್ಣ. ಮಸಿ ಹಿಡಿದ ಕರಿಗೋಡೆಯ ಮುಂದೆ, ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಅದು ತಿಳಿನೀಲಿ. ಅದೇ ಹೊಗೆ ಹೆಂಚಿನ ಸಂದಿಯಿಂದ ಹೊರಬಿದ್ದು ಬೆಳ್ಳನೆಯ ಆಕಾಶದೆದುರು ಹರಡಿದಾಗ ಮಾಸಲು ಕಂದು. ಒಲೆ ಒಂದೇ, ಸೌದೆ ಒಂದೇ. ಬೇರೆಯಾದದ್ದು ಹೊಗೆಯ ಹಿಂದೆ ಇದ್ದದ್ದು: ಕತ್ತಲಿದ್ದರೆ ನೀಲಿ, ಬೆಳಕಿದ್ದರೆ ಕಂದು. ಚಿಕ್ಕಂದಿನಲ್ಲಿ ಇದನ್ನು ಎಷ್ಟೋ ಬೆಳಗು ನೋಡಿದ್ದೆ. ಚಿತ್ರಗಳಲ್ಲಿ ದೂರದ ಬೆಟ್ಟ ಏಕೆ ನೀಲಿ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಕೂತಿತ್ತೆಂದು ತಿಳಿದದ್ದು ಮಾತ್ರ ಬಹಳ ವರ್ಷದ ಮೇಲೆ, ಲಿಯೊನಾರ್ಡೊ ಡಾ ವಿಂಚಿಯ ಟಿಪ್ಪಣಿಗಳ ಬಗ್ಗೆ ಓದಿದಾಗ.

ಸುಮಾರು 1506ರಿಂದ 1510ರ ನಡುವೆ ಅವನು ಬರೆದ, ಇಂದು ‘ಕೋಡೆಕ್ಸ್ ಲೆಸ್ಟರ್’ ಎಂದು ಕರೆಯುವ ಹಾಳೆಗಳಲ್ಲಿ ಇದೇ ಪ್ರಯೋಗವಿದೆ. ಸ್ವಲ್ಪ ಒಣಸೌದೆ ಸುಡಬೇಕು, ಹೊಗೆಯ ಮೇಲೆ ಬಿಸಿಲು ಬೀಳಬೇಕು, ಅದರ ಹಿಂದೆ ಬಿಸಿಲು ತಾಗದಂತೆ ಕಪ್ಪು ಮಖಮಲ್ಲು ಇಡಬೇಕು, ಹೊಗೆ ನೀಲಿಯಾಗುತ್ತದೆ. ಆಕಾಶದ ನೀಲಿಯೂ ಹೀಗೆಯೇ, ಅದು ಗಾಳಿಯ ಸ್ವಂತ ಬಣ್ಣವಲ್ಲ, ಆಚೆಯ ಕತ್ತಲಿನ ಮುಂದೆ ಬಿಸಿಲು ಕುಡಿದ ಗಾಳಿ ಎಂದು ಅವನು ತೀರ್ಮಾನಿಸಿದ. ದೂರದ ಬೆಟ್ಟವೂ ಒಂದು ಕರಿಗೋಡೆಯೇ. ನಮ್ಮ ಕಣ್ಣಿಗೂ ಅದಕ್ಕೂ ನಡುವೆ ಹರದಾರಿಗಟ್ಟಲೆ ಬೆಳಗಿದ ಗಾಳಿ ನಿಂತಿದೆ. ನಾವು ಬೆಟ್ಟದ ಬಣ್ಣವೆಂದು ಅಂದುಕೊಳ್ಳುವುದು ಆ ಗಾಳಿಯನ್ನು.

ಇದು ಗೊತ್ತಾದ ಮೇಲೆ ನೀಲಗಿರಿ ಎಂಬ ಹೆಸರೇ ನನಗೆ ಬೇರೆಯಾಗಿ ಕೇಳತೊಡಗಿತು. ಗುಂಡ್ಲುಪೇಟೆ ಕಡೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ನಿಂತು ದಕ್ಷಿಣಕ್ಕೆ ನೋಡಿ. ಕಾಲಬುಡದ ಇಳಿಜಾರಿನಲ್ಲಿ ಮರಮರವೂ ಬಿಡಿಯಾಗಿ ಕಾಣುತ್ತದೆ. ಮುಂದಿನ ಏಣಿನಲ್ಲಿ ಮರಗಳಿಲ್ಲ, ಕಾಡು ಇದೆ. ಅದರಾಚೆ ಕಾಡೂ ಇಲ್ಲ, ಬರೀ ಬೂದುಹಸಿರು. ಕೊನೆಯ ಸಾಲು ಆಕಾಶದಿಂದ ಒಂದು ಗೆರೆಯಷ್ಟೇ ಬೇರೆ. ಕುರಿಂಜಿ ಅರಳಿದಾಗ ಬೆಟ್ಟ ನೀಲಿಯಾಗುವುದರಿಂದ ಆ ಹೆಸರು ಬಂತೆಂದು ಹೇಳುವವರಿದ್ದಾರೆ. ಕುರಿಂಜಿ ಅರಳುವುದು 12 ವರ್ಷಕ್ಕೊಮ್ಮೆ. ಬಯಲಿನಿಂದ ನೋಡುವವನಿಗೆ ಆ ಸಾಲು ದಿನವೂ ನೀಲಿ. ನನ್ನ ಮನಸ್ಸು ಬಯಲಿನವನ ಕಡೆಗೇ ವಾಲುತ್ತದೆ. ‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯನ್ನೂ ಇದರ ಪಕ್ಕದಲ್ಲಿಡಿ. ಗಾದೆ ಕಟ್ಟಿದವರು ಕಲ್ಲು, ಕೊರಕಲು, ಮುಳ್ಳು ಎಲ್ಲ ಕರಗಿಹೋಗುವುದನ್ನು ಕಂಡಿದ್ದರು. ಹೆಸರಿಟ್ಟವರು ಬಣ್ಣ ತಿರುಗುವುದನ್ನು ಕಂಡಿದ್ದರು. ಚಿತ್ರಕಲಾ ಶಾಲೆಗಳಲ್ಲಿ ‘ಏರಿಯಲ್ ಪರ್ಸ್‌ಪೆಕ್ಟಿವ್’ ಎಂದು ಕಲಿಸುವುದರಲ್ಲಿ ಮುಖ್ಯವಾದವು ಈ ಎರಡೇ.

ಕಣ್ಣು ಕಂಡದ್ದನ್ನು ಕೈ ಒಪ್ಪುವುದು ಮಾತ್ರ ಸುಲಭವಲ್ಲ. ಬೆಟ್ಟ ಹಸಿರು ಎಂದು ಗೊತ್ತಿರುವ ಮಗು ಹಾಳೆಯ ಮೇಲಿನ ಎಲ್ಲ ಬೆಟ್ಟಕ್ಕೂ ಒಂದೇ ಹಸಿರು ತುಂಬುತ್ತದೆ. ನಾನೂ ಹಾಗೇ ತುಂಬಿದವನು. ನಮ್ಮ ಡ್ರಾಯಿಂಗ್ ಮೇಷ್ಟ್ರು ಬೈಯಲಿಲ್ಲ. ನನ್ನ ಬಟ್ಟಲಿನ ಹಸಿರಿಗೆ ಒಂದು ಚೂರು ನೀಲಿ, ಬಹಳಷ್ಟು ನೀರು ಬೆರೆಸಿ, “ಹಿಂದಿನ ಬೆಟ್ಟವನ್ನು ಮೊದಲು ಬರೆಯೋ, ಒಣಗಲಿ, ಆಮೇಲೆ ಮುಂದಿನದು” ಎಂದರು. ಮೂರನೆಯ ಬೆಟ್ಟ ಬರೆಯುವ ಹೊತ್ತಿಗೆ ಹಾಳೆಯೊಳಗೆ ಹೋಗಲು ದಾರಿಯೊಂದು ತೆರೆದಿತ್ತು. ಆ ಬೆರಗು ನನಗೆ ಇನ್ನೂ ಇಳಿದಿಲ್ಲ.

ಈ ದಾರಿ ಹಳೆಯದು. 1848ರಲ್ಲಿ ರೋಮ್‌ನ ಎಸ್ಕ್ವಿಲೈನ್ ಗುಡ್ಡದ ಮೇಲೆ ಅಗೆಯುವಾಗ ಒಂದು ಮನೆಯ ಭಿತ್ತಿಚಿತ್ರಗಳು ಸಿಕ್ಕವು. ಕ್ರಿಸ್ತಪೂರ್ವ ಒಂದನೆಯ ಶತಮಾನದವು, ಈಗ ವ್ಯಾಟಿಕನ್‌ನಲ್ಲಿವೆ. ಒಡಿಸ್ಯೂಸ್‌ನ ಸಮುದ್ರಯಾನದ ಕಥೆ. ಆದರೆ ಮನುಷ್ಯರು ಪುಟ್ಟವರು, ಬಂಡೆ ಮತ್ತು ಕಡಲು ದೊಡ್ಡವು, ಹಿಂದಿನ ಬಂಡೆಗಳು ಮಸುಕಾಗಿ ಬೆಳಕಿನಲ್ಲಿ ಕರಗುತ್ತವೆ. ಎರಡನೆಯ ಶತಮಾನದ ಟಾಲೆಮಿ ತನ್ನ ದೃಗ್ವಿಜ್ಞಾನದ ಗ್ರಂಥದಲ್ಲಿ, ದೂರದಲ್ಲಿವೆ ಎಂದು ತೋರಿಸಬೇಕಾದವಕ್ಕೆ ಚಿತ್ರಕಾರರು ಕುಂದಿದ ಬಣ್ಣ ಹಚ್ಚುತ್ತಾರೆಂದು ಹೇಳುತ್ತಾನೆ. ಆಮೇಲೆ ಯುರೋಪಿನ ಚಿತ್ರಗಳಿಂದ ದೂರವೇ ಹೊರಟುಹೋಯಿತು. ಸಂತರ ಹಿಂದೆ ಚಿನ್ನದ ರೇಕು ಬಂತು. ಇದನ್ನು ಕೌಶಲದ ಕೊರತೆ ಎನ್ನುವವರ ಮಾತು ನಾನು ಒಪ್ಪಲಾರೆ. ನಮ್ಮ ಮೈಸೂರು ಶೈಲಿಯ ಚಿತ್ರಗಳಲ್ಲೂ ಚಿನ್ನವಿದೆ. ದೇವರು ಎದುರಿಗೇ ಬಂದು ನಿಂತಿರುವಾಗ ದೂರ ಯಾರಿಗೆ ಬೇಕು?

ದೂರ ಮತ್ತೆ ಬೇಕಾದದ್ದು 15ನೆಯ ಶತಮಾನದಲ್ಲಿ. ಸುಮಾರು 1435ರಲ್ಲಿ ಯಾನ್ ವಾನ್ ಐಕ್ ಬರೆದ, ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಚಿತ್ರದಲ್ಲಿ ಕನ್ಯಾಮಾತೆಯ ಮುಂದೆ ಚಾನ್ಸೆಲರ್ ರೋಲಿನ್ ಮಂಡಿಯೂರಿದ್ದಾನೆ. ಅವರಿಬ್ಬರ ನಡುವಿನ ಕಮಾನುಗಳಾಚೆ ಹೊಳೆ, ಸೇತುವೆ, ಊರು, ಎಲ್ಲದರ ಕೊನೆಗೆ ನೀಲಿ ಬೆಟ್ಟಗಳ ಸಾಲು. ಚಿತ್ರ ಎರಡು ಅಡಿಗಿಂತ ಸ್ವಲ್ಪವೇ ಹೆಚ್ಚು ಅಗಲವಿದ್ದರೂ ಅದರಾಚೆ ದಿನಗಟ್ಟಲೆ ನಡೆಯುವಷ್ಟು ನೆಲವಿದೆ. ಆಂಟ್‌ವರ್ಪ್‌ನ ಯೋಆಕಿಮ್ ಪಾಟಿನೀರ್ ಇದನ್ನೇ ಸೂತ್ರವಾಗಿಸಿಕೊಂಡ: ಮುಂದೆ ಕಂದು, ನಡುವೆ ಹಸಿರು, ಹಿಂದೆ ನೀಲಿ. 1521ರಲ್ಲಿ ಡ್ಯೂರರ್ ತನ್ನ ಪ್ರವಾಸದ ದಿನಚರಿಯಲ್ಲಿ ಅವನನ್ನು ಒಳ್ಳೆಯ ಭೂದೃಶ್ಯ ಚಿತ್ರಕಾರ ಎಂದು ಕರೆದ. ಆದರೂ ಪಾಟಿನೀರನ ನೀಲಿ ನನಗೆ ಪೂರ್ತಿ ಒಗ್ಗುವುದಿಲ್ಲ. ಹಸಿರು ಮುಗಿದಲ್ಲಿ ನೀಲಿ ತಟ್ಟನೆ ಶುರುವಾಗುತ್ತದೆ, ಗಾಳಿ ಅಷ್ಟು ಗಡಿ ಹಾಕಿಕೊಂಡು ನಿಲ್ಲುವುದಿಲ್ಲ.

ಈ ಗಡಿಯನ್ನು ಅಳಿಸಿದವನು ಲಿಯೊನಾರ್ಡೊ. 21ನೆಯ ವಯಸ್ಸಿನಲ್ಲಿ, 1473ರ ಆಗಸ್ಟ್ 5ರ ತಾರೀಕು ಹಾಕಿ ಅವನು ಆರ್ನೊ ಕಣಿವೆಯನ್ನು ಲೇಖನಿಯಲ್ಲಿ ಬರೆದ. ಬಣ್ಣವೇ ಇಲ್ಲದ ಆ ಚಿತ್ರದಲ್ಲೂ ಬಯಲು ಹಿಂದೆ ಸರಿಯುತ್ತ ಸರಿಯುತ್ತ ಗೆರೆಗಳು ಬಡವಾಗುತ್ತವೆ. ಮುಂದೆ ಅವನೇ ಇದಕ್ಕೆ ‘ಗಾಳಿಯ ಪರ್ಸ್‌ಪೆಕ್ಟಿವ್’ ಎಂದು ಹೆಸರಿಟ್ಟ. ದೂರದ್ದು ಚಿಕ್ಕದಾಗಿ ಕಾಣುವ ಲೆಕ್ಕ ಆಗಲೇ ಇಟಲಿಯ ಚಿತ್ರಕಾರರಿಗೆ ಗೊತ್ತಿತ್ತು. ಅದು ಕೈಕೊಡುವ ಸಂದರ್ಭವೊಂದನ್ನು ಅವನು ಹಿಡಿದ. ಒಂದು ಗೋಡೆಯ ಮೇಲಿಂದ ಹಲವು ಕಟ್ಟಡಗಳ ತಲೆಗಳು ಒಂದೇ ಎತ್ತರಕ್ಕೆ ಇಣುಕುತ್ತಿವೆ ಎಂದುಕೊಳ್ಳಿ. ಯಾವುದು ಹತ್ತಿರ, ಯಾವುದು ದೂರ? ಅಳತೆ ಹೇಳುವುದಿಲ್ಲ, ಗಾಳಿ ಹೇಳಬೇಕು. ಮೊದಲನೆಯದಕ್ಕೆ ಅದರದೇ ಬಣ್ಣ ಕೊಡು. ಮುಂದಿನದರ ಅಂಚು ಸಡಿಲಿಸಿ ನೀಲಿ ಏರಿಸು. ಐದು ಪಟ್ಟು ದೂರದ್ದಕ್ಕೆ ಐದು ಪಟ್ಟು ನೀಲಿ. ಮೋನಾಲಿಸಾಳ ಭುಜದ ಹಿಂದಿನ ದಾರಿ, ನೀರು, ಕಲ್ಲುಬೆಟ್ಟಗಳು ಹಂತಹಂತವಾಗಿ ಹಿಂದೆ ಸರಿಯುವುದು ಈ ಲೆಕ್ಕದಲ್ಲೇ. ಚಿತ್ರಕಲೆಯ ಬಗೆಗಿನ ಅವನ ಬರಹಗಳು ಶಿಷ್ಯ ಮೆಲ್ಟ್ಸಿಯ ಕೈಯಲ್ಲಿ ಒಟ್ಟುಗೂಡಿ, ಪ್ಯಾರಿಸ್ಸಿನಲ್ಲಿ ಅಚ್ಚಾದದ್ದು 1651ರಲ್ಲಿ, ಅವನು ತೀರಿಕೊಂಡು 132 ವರ್ಷವಾದ ಮೇಲೆ.

ಇತ್ತ ಚೀನಾ ಇನ್ನೊಂದು ದಾರಿಯಲ್ಲಿ ನಡೆದು ಬಹಳ ಮುಂದೆ ಹೋಗಿತ್ತು. ಗುವೊ ಶಿ ರೇಷ್ಮೆಯ ಮೇಲೆ ‘ವಸಂತದ ಮೊದಲು’ ಎಂಬ ಚಿತ್ರ ಬರೆದದ್ದು 1072ರಲ್ಲಿ. ಅದೀಗ ತೈಪೆಯ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಅವನ ಮಗ ಕೂಡಿಟ್ಟ ತಂದೆಯ ಮಾತುಗಳಲ್ಲಿ ಮೂರು ಬಗೆಯ ದೂರಗಳ ವಿಚಾರವಿದೆ: ಬೆಟ್ಟದ ಬುಡದಿಂದ ಮೇಲೆ ನೋಡಿದಾಗ ಕಾಣುವ ಎತ್ತರದ ದೂರ, ಎದುರಿನಿಂದ ಬೆಟ್ಟದ ಹಿಂದಕ್ಕೆ ಇಣುಕಿದಾಗಿನ ಆಳದ ದೂರ, ಹತ್ತಿರದ ಬೆಟ್ಟದಿಂದ ಆಚೆಯ ಬೆಟ್ಟಗಳತ್ತ ಕಣ್ಣು ಹಾಯಿಸಿದಾಗಿನ ಸಮನೆಯ ದೂರ. ಬೆಟ್ಟ ಎತ್ತರವಾಗಿ ಕಾಣಬೇಕಾದರೆ ಅದನ್ನು ಪೂರ್ತಿ ಬರೆಯಬಾರದು, ಸೊಂಟಕ್ಕೆ ಮಂಜು ಸುತ್ತಬೇಕು ಎನ್ನುತ್ತಾನೆ. ಇಲ್ಲಿ ನೀಲಿಯ ಹಂಗೇ ಇಲ್ಲ. ಮಸಿ ಇದೆ, ನೀರಿದೆ, ಬರೆಯದೆ ಬಿಟ್ಟ ರೇಷ್ಮೆ ಇದೆ. ಬಿಟ್ಟ ಜಾಗವೇ ಗಾಳಿ. ಯುರೋಪಿನವರು ಗಾಳಿಗೆ ಬಣ್ಣ ಬಳಿದರು, ಚೀನಾದವರು ಅದಕ್ಕೆ ಜಾಗ ಬಿಟ್ಟುಕೊಟ್ಟರು. ಒಂದನ್ನೇ ಆರಿಸಿಕೋ ಎಂದರೆ ನಾನು ಬಿಟ್ಟ ಜಾಗದ ಕಡೆ ನಿಲ್ಲುತ್ತೇನೆ.

ಭಾರತಕ್ಕೆ ಮಸುಕು ದೂರ ಬಂದದ್ದು ಪುಸ್ತಕಗಳ ಜೊತೆ. 1580ರಲ್ಲಿ ಜೆಸ್ವಿಟ್ ಪಾದ್ರಿಗಳು ಅಕ್ಬರನಿಗೆ ಆಂಟ್‌ವರ್ಪ್‌ನಲ್ಲಿ ಅಚ್ಚಾದ ಬಹುಭಾಷಾ ಬೈಬಲ್ ಒಪ್ಪಿಸಿದರು. ಅಂಥ ಪುಸ್ತಕಗಳ ಅಚ್ಚುಚಿತ್ರಗಳನ್ನು ನೋಡಿ ಕಲಿತ ಮೊಘಲ್ ಚಿತ್ರಕಾರರು ತಮ್ಮ ಕಿರುಚಿತ್ರಗಳ ಮೇಲಂಚಿನಲ್ಲಿ ಮಂಕು ನೀಲಿಯ ಪುಟಾಣಿ ಊರುಗಳನ್ನು ತೇಲಿಬಿಟ್ಟರು. ಮೈಸೂರು ಸೀಮೆಗೆ ಆ ರೀತಿಯ ನೋಟ ಯುದ್ಧದ ಹಿಂದೆ ಬಂತು. ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸ್‌ನ ಸೇನೆಯ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್, ಸರ್ವೇಯರ್ ಕೋಲ್‌ಬ್ರುಕ್ ಇಬ್ಬರೂ ಇಲ್ಲಿನ ಬೆಟ್ಟ, ಕೋಟೆಗಳ ನೋಟಗಳನ್ನು 1790ರ ದಶಕದಲ್ಲಿ ಪ್ರಕಟಿಸಿದರು.

ನೀಲಿಯ ಕಾರಣವನ್ನು ಹುಡುಕಿದವರ ಕಥೆಯೂ ಇದರ ಜೊತೆಗೇ ಸಾಗುತ್ತದೆ. 1780ರ ದಶಕದ ಕೊನೆಗೆ ಜಿನೀವಾದ ಸೊಸ್ಯೂರ್ ನೀಲಿಯ 53 ಛಾಯೆಗಳನ್ನು ದುಂಡಗೆ ಜೋಡಿಸಿ ಆಕಾಶದ ಬಣ್ಣ ಅಳೆಯುವ ಸಾಧನ ಮಾಡಿದ. 1871ರಲ್ಲಿ ರೇಲೀ ಲೆಕ್ಕ ಕೊಟ್ಟ: ತರಂಗ ಗಿಡ್ಡವಾದಷ್ಟೂ ಬೆಳಕು ಹೆಚ್ಚು ಚೆದುರುತ್ತದೆ, ಅದೂ ತರಂಗದೂರದ ನಾಲ್ಕನೆಯ ಘಾತದ ವಿಲೋಮದಲ್ಲಿ. 450 ನ್ಯಾನೊಮೀಟರಿನ ನೀಲಿ, 650ರ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಚೆದುರಿದ ನೀಲಿ ಕರಿಬೆಟ್ಟದ ಮೇಲೆ ಪರದೆಯಾಗುತ್ತದೆ. ದೂರದ ಬಿಳಿ ಮೋಡದಿಂದ ಹೊರಟ ಬೆಳಕು ದಾರಿಯಲ್ಲಿ ತನ್ನ ನೀಲಿಯನ್ನೇ ಕಳೆದುಕೊಂಡು ಹಳದಿಯಾಗಿ ಬಂದು ಮುಟ್ಟುತ್ತದೆ. ಅಜ್ಜಿಯ ಬಚ್ಚಲ ಹೊಗೆಯ ಎರಡು ಬಣ್ಣ ಇವೇ. ಲಿಯೊನಾರ್ಡೊ ಇದಕ್ಕೆಲ್ಲ ಗಾಳಿಯ ತೇವದ ಕಣಗಳು ಕಾರಣವೆಂದುಕೊಂಡಿದ್ದ. ಗಾಳಿಯ ಅಣುಗಳೇ ಸಾಕು ಎಂದು ರೇಲೀ 1899ರಲ್ಲಿ ತೋರಿಸಿದ. 1921ರಲ್ಲಿ ‘ನರ್ಕುಂಡಾ’ ಹಡಗಿನಲ್ಲಿ ಊರಿಗೆ ಮರಳುತ್ತಿದ್ದ ಸಿ. ವಿ. ರಾಮನ್ ಮೆಡಿಟರೇನಿಯನ್ನಿನ ನೀಲಿ ಬರೀ ಆಕಾಶದ ಪ್ರತಿಬಿಂಬವೆಂಬ ಮಾತು ಒಪ್ಪದೆ, ನಿಕೋಲ್ ಪಟ್ಟಕದಿಂದ ಪ್ರತಿಫಲನವನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ, ನೀರಿನ ಅಣುಗಳೇ ಬೆಳಕನ್ನು ಚೆದುರಿಸುತ್ತಿದ್ದವು. ಅಲ್ಲಿಂದ ಹೊರಟ ದಾರಿ 1930ರ ನೊಬೆಲ್ ಪ್ರಶಸ್ತಿಗೂ, 1933ರಲ್ಲಿ ಬೆಂಗಳೂರಿಗೂ ಅವರನ್ನು ತಂದಿತು.

ಬಣ್ಣದ ಗಾಳಿ, ಬಿಟ್ಟ ಜಾಗದ ಗಾಳಿ, ಈ ಎರಡೂ ಒಂದೆಡೆ ಸೇರಿದ್ದು ಕಲ್ಕತ್ತೆಯಲ್ಲಿ. 1903ರಲ್ಲಿ ಜಪಾನಿನಿಂದ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ ಅಲ್ಲಿಗೆ ಬಂದರು. ಗೆರೆಯನ್ನು ಬಿಟ್ಟು ಬಣ್ಣವನ್ನು ಮಂಜಿನಂತೆ ಹರಡುತ್ತಿದ್ದ ಅವರ ರೀತಿಯನ್ನು ಜಪಾನಿನ ವಿಮರ್ಶಕರು ‘ಮಬ್ಬು ಶೈಲಿ’ ಎಂದು ಹಂಗಿಸಿದ್ದರು. ತೈಕಾನ್ ಒದ್ದೆ ಕುಂಚದಿಂದ ಚಿತ್ರವನ್ನು ತೇವಗೊಳಿಸುವುದನ್ನು ಕಂಡ ಅವನೀಂದ್ರನಾಥ ಠಾಕೂರರು ಇನ್ನೂ ಮುಂದೆ ಹೋಗಿ ಬರೆದ ಚಿತ್ರವನ್ನೇ ನೀರಿನಲ್ಲಿ ಅದ್ದಿದರು. ಹಾಗೆ ಹುಟ್ಟಿದ ‘ವಾಶ್’ ವಿಧಾನವನ್ನು ಅವರಿಂದ ಕಲಿತವರಲ್ಲಿ ಮೈಸೂರಿನ ಕೆ. ವೆಂಕಟಪ್ಪ ಒಬ್ಬರು. ಅರಮನೆಯ ಚಿತ್ರಗಾರರ ಮನೆತನ ಅವರದು, ಅಂದರೆ ಚಿನ್ನದ ರೇಕಿನ ಮನೆತನ. 1909ರಲ್ಲಿ ಮೈಸೂರಿನ ನೆರವಿನಿಂದ ಕಲ್ಕತ್ತೆಗೆ ಹೋಗಿ ಕಲಿತು ಊರಿಗೆ ಮರಳಿದ ಅವರು, 1920ರ ದಶಕದಲ್ಲಿ ಊಟಿಯ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನದೇ ಗ್ಯಾಲರಿ ಇದೆ.

ಗೋಡೆಯ ಮೇಲೆ ದೊಡ್ಡದಾಗಿ ಮೆರೆಯುವ ಚಿತ್ರಗಳಲ್ಲ ಅವು. ಹತ್ತಿರ ಹೋಗಿ ಉಸಿರು ಬಿಗಿಹಿಡಿದು ನೋಡಬೇಕು. ಮುಂಗಾರಿನ ಮೋಡ ಒಡೆದು ಇಳಿಜಾರಿನ ಮೇಲೆ ಬೆಳಕು ಜಾರುವ ಆ ಗಳಿಗೆಯಲ್ಲಿ ಬೆಟ್ಟಕ್ಕಿಂತ ಗಾಳಿಯೇ ಹೆಚ್ಚು ನಿಜವಾಗಿದೆ. ಒಂದು ವಿಷಯ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸುತ್ತದೆ. ಮೈಸೂರು ಸೀಮೆಯಿಂದ ಹೊರಟ ವೆಂಕಟಪ್ಪನವರು ತಾವು ಬಯಲಿನಿಂದ ನೀಲಿ ಎಂದು ಕಂಡ ಸಾಲಿನೊಳಗೇ ಹೋಗಿ ಕುಳಿತು ಬರೆದರು. ಅಲ್ಲಿ ಕಾಲ ಕೆಳಗಿನ ಹುಲ್ಲು ಹಸಿರು, ಮಣ್ಣು ಕೆಂಪು. ಆ ಏಣಿನ ಉತ್ತರದಂಚಿಗೆ ಬಂದು ನಿಂತು ಹಿಂತಿರುಗಿ ನೋಡಿದರೆ, ಕೆಳಗೆ ಗುಂಡ್ಲುಪೇಟೆಯ ಆಚೆಗೆ, ಮೈಸೂರಿನ ಬಯಲು ನೀಲಿ.