ಮೈದಾನಕ್ಕೇ ಎಸಿ ಹಾಕಿದ ಕತಾರ್: ಆಡಿದವರಿಗೆ ತಂಪು ಸಿಕ್ತು, ಕಟ್ಟಿದವರಿಗೆ?

2022ರ ನವೆಂಬರ್-ಡಿಸೆಂಬರ್ ನೆನಪಿದೆಯಾ? ಮಧ್ಯಾಹ್ನ 3.30ಕ್ಕೆ ಒಂದು ಮ್ಯಾಚ್, ಸಂಜೆ 6.30ಕ್ಕೆ ಇನ್ನೊಂದು, ರಾತ್ರಿ 9.30ಕ್ಕೆ ಮತ್ತೊಂದು, ಮಧ್ಯರಾತ್ರಿ ಕಳೆದು 12.30ಕ್ಕೆ ಕೊನೆಯದು. ಅಂಗಡಿಯ ಟಿವಿ ಆರದ ದಿನಗಳು ಅವು. ಡಿಸೆಂಬರ್ 18ರ ರಾತ್ರಿ ಲುಸೈಲ್ ಸ್ಟೇಡಿಯಂನಲ್ಲಿ 3-3 ಸಮಬಲವಾಗಿ, ಕೊನೆಗೆ ಪೆನಾಲ್ಟಿಯಲ್ಲಿ ಮೆಸ್ಸಿಯ ಅರ್ಜೆಂಟೀನಾ 4-2ರಿಂದ ಫ್ರಾನ್ಸನ್ನು ಸೋಲಿಸುವವರೆಗೂ ಯಾರೂ ಮಲಗಿರಲಿಲ್ಲ.

ಆಗ ಗಲ್ಫ್‌ನಿಂದ ರಜೆಗೆ ಬಂದವರನ್ನು ಕಂಡಾಗಲೆಲ್ಲ ಬರುತ್ತಿದ್ದ ಪ್ರಶ್ನೆ ಒಂದೇ: 'ಅಷ್ಟು ಬಿಸಿಲಿರೋ ದೇಶದಲ್ಲಿ ಫುಟ್‌ಬಾಲ್ ಹೇಗೆ ಮಾರಾಯ್ರೆ?' ಆ ಪ್ರಶ್ನೆ ಈಗ ಮತ್ತೆ ಎದ್ದಿದೆ. 2034ರ ವಿಶ್ವಕಪ್ ಸೌದಿ ಅರೇಬಿಯಾಕ್ಕೆ ಎಂದು ಫಿಫಾ 2024ರ ಡಿಸೆಂಬರ್ 11ರಂದು ಘೋಷಿಸಿದೆ. ಅಲ್ಲೂ ಅದೇ ಬಿಸಿಲು. ಸ್ಟೇಡಿಯಂ ಕಟ್ಟಲು ಹೋಗುವವರೂ ಹೆಚ್ಚುಕಮ್ಮಿ ಅದೇ ದೇಶಗಳವರು. ಅದಕ್ಕೇ ಕತಾರ್ ಏನು ಮಾಡಿತು, ಯಾವುದನ್ನು ಮಾಡಲು ತಡ ಮಾಡಿತು ಎಂದು ಒಮ್ಮೆ ತಿರುಗಿ ನೋಡುವುದು ಒಳ್ಳೆಯದು.

ಬಿಸಿಲು ಬೇರೆ, ಸೆಕೆ ಬೇರೆ

ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42 ಡಿಗ್ರಿ ಇದ್ದರೂ ಬೇವಿನ ಮರದ ಕೆಳಗೆ ನಿಂತರೆ ಸ್ವಲ್ಪ ಜೀವ ಬರುತ್ತದೆ. ಮಂಗಳೂರಲ್ಲಿ 34 ಡಿಗ್ರಿಯೇ ಇರಲಿ, ನೆರಳಲ್ಲಿ ನಿಂತರೂ ಅಂಗಿ ಬೆನ್ನಿಗೆ ಅಂಟಿಯೇ ಇರುತ್ತದೆ. ಇದಕ್ಕೆ ಕಾರಣ ಬೆವರು. ಬೆವರು ಬಂದ ಮಾತ್ರಕ್ಕೆ ಮೈ ತಣ್ಣಗಾಗುವುದಿಲ್ಲ, ಅದು ಆರಿದರೆ ಮಾತ್ರ ತಣ್ಣಗಾಗುತ್ತದೆ. ಗಾಳಿಯಲ್ಲಿ ಮೊದಲೇ ನೀರಿನಂಶ ತುಂಬಿದ್ದರೆ ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ.

ಕತಾರ್‌ನಲ್ಲಿ ಎರಡೂ ಇದೆ. ಮೂರು ಕಡೆ ಸಮುದ್ರ, ಉಳಿದದ್ದು ಮರಳುಗಾಡು. ಜೂನ್-ಜುಲೈಯಲ್ಲಿ ದೋಹಾದ ಹಗಲು 40 ಡಿಗ್ರಿ ದಾಟುವುದು ಮಾಮೂಲು, ಕೆಲವು ದಿನ 45ರ ಮೇಲೂ ಹೋಗುತ್ತದೆ. ಸಮುದ್ರದ ಗಾಳಿ ಬೀಸಿತೆಂದರೆ ಅದರ ಮೇಲೆ ಸೆಕೆ ಬೇರೆ.

ಹೀಗಾಗಿ ಆಟಕ್ಕಾಗಲಿ ಕೆಲಸಕ್ಕಾಗಲಿ ಬರೀ ಥರ್ಮಾಮೀಟರ್ ನಂಬಿದರೆ ಸಾಲದು. ಅದಕ್ಕೆ ಬಳಸುವ ಬೇರೆ ಲೆಕ್ಕಕ್ಕೆ ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್ ಎಂದು ಹೆಸರು. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಒಂದು, ಬಿಸಿಲಿಗಿಟ್ಟ ಕಪ್ಪು ಗೋಳದೊಳಗಿನದು ಇನ್ನೊಂದು, ಮಾಮೂಲಿಯದು ಮತ್ತೊಂದು. ಮೂರನ್ನೂ ಸೇರಿಸಿ ಒಂದು ಸಂಖ್ಯೆ ತೆಗೆಯುತ್ತಾರೆ. ಅದರಲ್ಲಿ ಒದ್ದೆ ಬಟ್ಟೆಯದ್ದೇ 70 ಪಾಲು. ಈ ಲೆಕ್ಕದಲ್ಲಿ 32 ಬಂತೆಂದರೆ ಸಾಮಾನ್ಯ ಥರ್ಮಾಮೀಟರ್‌ನ 32ರ ಹಾಗೆ ಅಲ್ಲ, ಮೈಗೆ ಅಪಾಯ ಎಂದೇ ಅರ್ಥ. 2014ರ ಬ್ರೆಜಿಲ್ ವಿಶ್ವಕಪ್‌ನಲ್ಲಿ ಆಟ ನಿಲ್ಲಿಸಿ ಆಟಗಾರರಿಗೆ ನೀರು ಕುಡಿಯಲು ಬಿಡುವು ಕೊಟ್ಟಿದ್ದು ಇದೇ ಲೆಕ್ಕದ ಮೇಲೆ.

ಮೊದಲು ಬೇಸಿಗೆ ಅಂದ್ರು, ಆಮೇಲೆ ಚಳಿಗಾಲ

2010ರ ಡಿಸೆಂಬರ್ 2ರಂದು ಜ್ಯೂರಿಕ್‌ನಲ್ಲಿ ಫಿಫಾದ ಕಾರ್ಯಕಾರಿ ಸಮಿತಿ ಮತ ಹಾಕಿತು. ಕೊನೆಯ ಸುತ್ತಿನಲ್ಲಿ ಕತಾರ್‌ಗೆ 14, ಅಮೆರಿಕಕ್ಕೆ 8. ಜೂನ್-ಜುಲೈ ಬಿಸಿಲು ದೊಡ್ಡ ತೊಂದರೆ ಎಂದು ಫಿಫಾದ ಸ್ವಂತ ಪರಿಶೀಲನಾ ವರದಿಯೇ ಹೇಳಿತ್ತು. ಆದರೂ ಕತಾರ್ ಗೆದ್ದಿತು. ಲಂಚದ ಆರೋಪಗಳು ಬಂದವು, ಮತ ಹಾಕಿದವರಲ್ಲಿ ಹಲವರು ನಂತರ ಬೇರೆ ಬೇರೆ ಪ್ರಕರಣಗಳಲ್ಲಿ ನಿಷೇಧಕ್ಕೆ ಒಳಗಾದರು. ಕತಾರ್ ಮಾತ್ರ ಆರೋಪವನ್ನು ಒಪ್ಪಲಿಲ್ಲ. ಅದು ಬೇರೆಯೇ ಕಥೆ.

ಮತಕ್ಕೆ ಮೊದಲು ಕತಾರ್ ಕೊಟ್ಟ ಮಾತು ಬೇಸಿಗೆಯಲ್ಲೇ ಆಡಿಸುತ್ತೇವೆ, ಮೈದಾನವನ್ನೇ ತಂಪು ಮಾಡುತ್ತೇವೆ ಎಂದು. ನೋಡಲು ಬಂದ ಫಿಫಾ ತಂಡಕ್ಕೆ 500 ಸೀಟಿನ ಒಂದು ಮಾದರಿ ಸ್ಟೇಡಿಯಂ ಕಟ್ಟಿ, ಎಸಿ ಹಾಕಿ ತೋರಿಸಿಯೂ ಆಗಿತ್ತು. ಆದರೆ ಆಟಗಾರರು 90 ನಿಮಿಷ ಮೈದಾನದಲ್ಲಿರಬಹುದು, ನೋಡಲು ಬಂದ ಲಕ್ಷಾಂತರ ಜನ ಇಡೀ ದಿನ ಎಲ್ಲಿರಬೇಕು? ರಸ್ತೆಗೆ ಎಸಿ ಹಾಕಲು ಬರುತ್ತದಾ?

ಕೊನೆಗೆ 2015ರ ಮಾರ್ಚ್‌ನಲ್ಲಿ ಫಿಫಾ ವಿಶ್ವಕಪ್ಪನ್ನೇ ನವೆಂಬರ್-ಡಿಸೆಂಬರ್‌ಗೆ ತಳ್ಳಿತು. ಯುರೋಪಿನ ಲೀಗ್‌ಗಳು ಸಿಟ್ಟಾದವು, ಸೀಸನ್ ಮಧ್ಯದಲ್ಲೇ ಆಟ ನಿಲ್ಲಿಸಬೇಕಾಯಿತು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಒಂದು ತಿಂಗಳಿಗೂ ಹೆಚ್ಚು ಕಾಲ ಬಾಗಿಲು ಹಾಕಿಕೊಂಡಿತು.

ಐಸ್‌ಕ್ರೀಮ್ ಫ್ರೀಜರ್ ಲೆಕ್ಕ

ಚಳಿಗಾಲಕ್ಕೆ ತಳ್ಳಿದ ಮೇಲೂ ಎಂಟು ಸ್ಟೇಡಿಯಂಗಳಲ್ಲಿ ಏಳಕ್ಕೆ ತಂಪು ವ್ಯವಸ್ಥೆ ಇತ್ತು. ಇಲ್ಲದ ಒಂದು ಸ್ಟೇಡಿಯಂ 974. ಶಿಪ್ಪಿಂಗ್ ಕಂಟೇನರ್‌ಗಳನ್ನು ಜೋಡಿಸಿ ಸಮುದ್ರದ ಪಕ್ಕ ಕಟ್ಟಿದ್ದು, ಸಮುದ್ರದ ಗಾಳಿಯೇ ಅದಕ್ಕೆ ಫ್ಯಾನ್. 974 ಕತಾರ್‌ನ ಫೋನ್ ಕೋಡ್, ಕಂಟೇನರ್‌ಗಳ ಲೆಕ್ಕವೂ ಅಷ್ಟೇ.

ಮೇಲೆ ಬಯಲು, ಗೋಡೆಯ ಮೇಲೆ ಗೋಡೆ ಎದ್ದ ಸ್ಟೇಡಿಯಂ. ಅದಕ್ಕೆ ಎಸಿ ಹಾಕಿದರೆ ತಂಪೆಲ್ಲ ಹಾರಿ ಹೋಗುವುದಿಲ್ವಾ? ಅಂಗಡಿ ಇಟ್ಟವರಿಗೆ ಇದರ ಉತ್ತರ ಗೊತ್ತೇ ಇದೆ. ಮೇಲಿನಿಂದ ತೆರೆಯುವ ಐಸ್‌ಕ್ರೀಮ್ ಫ್ರೀಜರ್‌ನ ಮುಚ್ಚಳ ಸರಿಸಿ ಮಕ್ಕಳು ಎಷ್ಟು ಹೊತ್ತು ಆರಿಸುತ್ತಾ ನಿಂತರೂ ಒಳಗಿನ ತಂಪು ಬೇಗ ಹೋಗುವುದಿಲ್ಲ. ಅದೇ ನಿಲ್ಲಿಸಿದ ಫ್ರಿಜ್‌ನ ಬಾಗಿಲು ತೆಗೆದರೆ ತಂಪು ಕಾಲ ಮೇಲೆ ಸುರಿದು ಹೋಗುತ್ತದೆ. ತಣ್ಣನೆಯ ಗಾಳಿ ಭಾರ, ಕೆಳಗೇ ಕೂರುತ್ತದೆ. ಸುತ್ತ ಗೋಡೆ ಇದ್ದರೆ ಅದಕ್ಕೆ ಹೋಗಲು ದಾರಿಯಿಲ್ಲ.

ಕತಾರ್ ವಿಶ್ವವಿದ್ಯಾಲಯದ ಪ್ರೊಫೆಸರ್ ಸೌದ್ ಅಬ್ದುಲ್ ಘನಿ ಮಾಡಿದ್ದು ಇದನ್ನೇ, ದೊಡ್ಡ ಪ್ರಮಾಣದಲ್ಲಿ. ಅವರನ್ನು ಜನ ಕರೆಯುವುದೇ 'ಡಾಕ್ಟರ್ ಕೂಲ್' ಎಂದು. ಸ್ಟೇಡಿಯಂ ಪೂರ್ತಿ ತಂಪು ಮಾಡುವ ಗೋಜಿಗೆ ಅವರು ಹೋಗಲಿಲ್ಲ. ಜನ ಕೂರುವಲ್ಲಿ, ಆಟಗಾರರು ಓಡುವಲ್ಲಿ, ನೆಲದಿಂದ ಸುಮಾರು ಎರಡು ಮೀಟರ್ ಎತ್ತರದವರೆಗೆ ಮಾತ್ರ ತಂಪು ಸಾಕು ಎಂದರು. ತಣ್ಣನೆಯ ನೀರಿನ ಕೊಳವೆಗಳ ಮೇಲೆ ಹಾಯಿಸಿದ ಗಾಳಿ ಸೀಟಿನ ಕೆಳಗಿನ ಜಾಲರಿಯಿಂದ ಮೆಲ್ಲಗೆ, ಮೈದಾನದ ಅಂಚಿನ ದೊಡ್ಡ ಕೊಳವೆ ಬಾಯಿಗಳಿಂದ ಜೋರಾಗಿ ಬರುತ್ತದೆ. ತಂಪು ಕಡಿಮೆಯಾದ ಗಾಳಿಯನ್ನೇ ವಾಪಸ್ ಎಳೆದು, ಸೋಸಿ, ಮತ್ತೆ ತಣ್ಣಗೆ ಮಾಡಿ ಬಿಡುತ್ತಾರೆ. ಹೊರಗಿನ ಬಿಸಿಗಾಳಿ ಒಳಗೆ ನುಗ್ಗದ ಹಾಗೆ ಸ್ಟೇಡಿಯಂನ ಆಕಾರವನ್ನೇ ತಿದ್ದಿದರು, ಹೊರಗೋಡೆಗೆ ಬಿಳಿ, ತೆಳು ಬಣ್ಣ ಆರಿಸಿದರು. ಒಳಗೆ 18ರಿಂದ 24 ಡಿಗ್ರಿ ಇಡುವುದು ಗುರಿ.

ತಂಪು ಹೆಚ್ಚಾಯಿತು ಎಂದವರೂ ಇದ್ದರು. ಎಸಿಯಿಂದ ಕೆಮ್ಮು, ಗಂಟಲು ನೋವು ಬಂತೆಂದು ಬ್ರೆಜಿಲ್‌ನ ಆಂಟನಿ ದೂರಿದ್ದು ಸುದ್ದಿಯಾಗಿತ್ತು. ಮರಳುಗಾಡಿನಲ್ಲಿ ಶೀತ!

ಹುಲ್ಲಿಗೂ ಖರ್ಚು ಕಡಿಮೆ ಅಲ್ಲ. ಒಂದೊಂದು ಮೈದಾನಕ್ಕೆ ಚಳಿಗಾಲದಲ್ಲಿ ದಿನಕ್ಕೆ 10,000 ಲೀಟರ್, ಬೇಸಿಗೆಯಲ್ಲಿ 50,000 ಲೀಟರ್ ನೀರು. ಅದೂ ಬಾವಿ ನೀರಲ್ಲ, ಸಮುದ್ರದ ನೀರಿನಿಂದ ಉಪ್ಪು ತೆಗೆದು ಮಾಡಿದ ನೀರು.

ಗೇಟಿನ ಹೊರಗೆ

ವಿಶ್ವಕಪ್‌ಗೆ ಮೂರು ವರ್ಷ ಮೊದಲೇ ದೋಹಾ ಒಂದು ಪಾಠ ಕಲಿತಿತ್ತು. 2019ರ ವಿಶ್ವ ಅಥ್ಲೆಟಿಕ್ಸ್ ಅಲ್ಲೇ ನಡೆಯಿತು. ಖಲೀಫಾ ಸ್ಟೇಡಿಯಂ ಒಳಗೆ ಎಸಿ, ಓಟ ಚೆನ್ನಾಗಿಯೇ ನಡೆಯಿತು. ಆದರೆ ಮ್ಯಾರಥಾನ್ ಓಡಬೇಕಾದದ್ದು ಹೊರಗೆ, ಸಮುದ್ರದ ದಂಡೆಯ ರಸ್ತೆಯಲ್ಲಿ. ಬಿಸಿಲು ತಪ್ಪಿಸಲೆಂದು ಮಹಿಳೆಯರ ಓಟವನ್ನು ಸೆಪ್ಟೆಂಬರ್ 27ರ ರಾತ್ರಿ 11.59ಕ್ಕೆ ಶುರು ಮಾಡಿದರು. ಆ ಹೊತ್ತಲ್ಲೂ 32 ಡಿಗ್ರಿಯ ಮೇಲೆ, ಗಾಳಿಯಲ್ಲಿ ನೀರಿನಂಶ ಶೇ 70ಕ್ಕೂ ಹೆಚ್ಚು. ಓಟ ಶುರು ಮಾಡಿದ 68 ಮಂದಿಯಲ್ಲಿ 28 ಮಂದಿ ಮುಗಿಸಲೇ ಇಲ್ಲ. ಕೆಲವರನ್ನು ಗಾಲಿಕುರ್ಚಿಯಲ್ಲಿ ಒಯ್ದರು.

ಅವರು ವರ್ಷಗಟ್ಟಲೆ ತಯಾರಿ ಮಾಡಿದ, ಪಕ್ಕದಲ್ಲೇ ಡಾಕ್ಟರ್ ಇದ್ದ ಓಟಗಾರ್ತಿಯರು. ಸೂರ್ಯನೂ ಇರಲಿಲ್ಲ. ಸ್ಟೇಡಿಯಂ, ಮೆಟ್ರೊ, ರಸ್ತೆ, ಹೋಟೆಲ್ ಕಟ್ಟಿದವರು ದುಡಿದದ್ದು ಹಗಲಿನಲ್ಲಿ, ಹತ್ತಕ್ಕೂ ಹೆಚ್ಚು ಬೇಸಿಗೆಗಳಲ್ಲಿ.

ಕತಾರ್‌ನ ಜನಸಂಖ್ಯೆ 30 ಲಕ್ಷದ ಆಸುಪಾಸು. ಹತ್ತರಲ್ಲಿ ಒಂಬತ್ತು ಮಂದಿ ಹೊರಗಿನಿಂದ ದುಡಿಯಲು ಬಂದವರು. ಭಾರತ, ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾದವರೇ ಬಹಳ. 2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಈ ಐದು ದೇಶಗಳ ಸರ್ಕಾರಿ ದಾಖಲೆ ಕೂಡಿಸಿ, ವಿಶ್ವಕಪ್ ಸಿಕ್ಕ ಮೇಲಿನ ಹತ್ತು ವರ್ಷದಲ್ಲಿ 6,500ಕ್ಕೂ ಹೆಚ್ಚು ವಲಸೆ ಕಾರ್ಮಿಕರು ಕತಾರ್‌ನಲ್ಲಿ ತೀರಿಕೊಂಡಿದ್ದಾರೆ ಎಂದು ಬರೆಯಿತು. ಅದರಲ್ಲಿ ಭಾರತೀಯರು 2,711.

ಈ ಸಂಖ್ಯೆ ವಾಟ್ಸಾಪ್‌ನಲ್ಲಿ 'ಸ್ಟೇಡಿಯಂ ಕಟ್ಟುವಾಗ ಸತ್ತವರು' ಎಂದು ಓಡಾಡಿತು. ಅದು ತಪ್ಪು. ಎಲ್ಲ ಕೆಲಸದವರು, ಎಲ್ಲ ಕಾರಣದ ಸಾವುಗಳು ಅದರಲ್ಲಿವೆ. ಸ್ಟೇಡಿಯಂ ಸೈಟ್‌ಗಳಲ್ಲಿ ಕೆಲಸದಿಂದಾದ ಸಾವು ಮೂರೇ, ಬೇರೆ ಕಾರಣದ್ದು 37 ಎಂದು ಸಂಘಟಕರು ಹೇಳುತ್ತಿದ್ದರು. 2022ರ ನವೆಂಬರ್‌ನಲ್ಲಿ ಸಂಘಟನಾ ಸಮಿತಿಯ ಮುಖ್ಯಸ್ಥ ಹಸನ್ ಅಲ್ ಥವಾಡಿ ಟಿವಿ ಸಂದರ್ಶನದಲ್ಲಿ, ವಿಶ್ವಕಪ್‌ಗೆ ಸಂಬಂಧಿಸಿದ ಕೆಲಸಗಳಲ್ಲಿ 400ರಿಂದ 500 ಮಂದಿ ಸತ್ತಿರಬಹುದು ಎಂದರು. ಮೂರಕ್ಕೂ ಐನೂರಕ್ಕೂ ಎಷ್ಟು ದೂರ!

ಲೆಕ್ಕ ಹೀಗೆ ಕಲಸಿ ಹೋಗಲು ಮುಖ್ಯ ಕಾರಣ ಮರಣ ಪತ್ರದಲ್ಲಿ ಬರೆಯುವ ಒಂದು ಸಾಲು: 'ಸಹಜ ಸಾವು', ಇಲ್ಲವೇ 'ಹೃದಯ ಸ್ತಂಭನ'. ಗಾರ್ಡಿಯನ್ ಕಂಡ ಭಾರತೀಯರ ಸಾವುಗಳಲ್ಲಿ ಸುಮಾರು ಶೇ 80 ಹೀಗೇ ದಾಖಲಾಗಿದ್ದವು. ಹಗಲೆಲ್ಲ ಬಿಸಿಲಲ್ಲಿ ದುಡಿದು, ಕ್ಯಾಂಪಿಗೆ ಬಂದು ಮಲಗಿದ 30ರ ಹುಡುಗ ಬೆಳಿಗ್ಗೆ ಏಳಲಿಲ್ಲ ಎಂದರೆ ಅದು ಸಹಜವಾ? ನೇಪಾಳದ ಕಾರ್ಮಿಕರ ಸಾವುಗಳ ಬಗ್ಗೆ 2019ರಲ್ಲಿ ಕಾರ್ಡಿಯಾಲಜಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 2009ರಿಂದ 2017ರವರೆಗೆ ಹೃದಯದ ಕಾರಣಕ್ಕೆ ಸತ್ತ 571 ಮಂದಿಯಲ್ಲಿ 200 ಮಂದಿಯವರೆಗೆ, ಬಿಸಿಲಿನಿಂದ ಸರಿಯಾದ ರಕ್ಷಣೆ ಇದ್ದಿದ್ದರೆ ಉಳಿಯುತ್ತಿದ್ದರು ಎಂದು ಅದು ಅಂದಾಜಿಸಿತು. ಬಿಸಿ ತಿಂಗಳುಗಳಲ್ಲೇ ಸಾವು ಹೆಚ್ಚಾಗಿತ್ತು.

'ಸಹಜ' ಎಂದು ಬರೆದಾಕ್ಷಣ ಅದು ಕೆಲಸದಿಂದಾದ ಸಾವಲ್ಲ ಎಂದಾಯಿತು. ಕಂಪನಿಯ ಪರಿಹಾರವೂ ಅಲ್ಲಿಗೇ ನಿಂತಿತು.

ಬದಲಾದ ನಿಯಮ

ಹೊರಗಿನ ಟೀಕೆಯಿಂದ ಕೆಲವು ಒಳ್ಳೆಯದೂ ಆಯಿತು, ಅದನ್ನೂ ಹೇಳಬೇಕು. 2018ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ದೋಹಾದಲ್ಲಿ ಕಚೇರಿ ತೆರೆಯಿತು. ಹಳೆಯ ಮಾಲೀಕನ ಎನ್‌ಒಸಿ ಇಲ್ಲದೆ ಕೆಲಸ ಬದಲಿಸಲು 2020ರಲ್ಲಿ ಅವಕಾಶವಾಯಿತು. 2021ರ ಮಾರ್ಚ್‌ನಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ಸಂಬಳ ಬಂತು. ಊಟ, ವಸತಿ ಕಂಪನಿ ಕೊಡದಿದ್ದರೆ ಅದಕ್ಕೆ ಬೇರೆ 300 ಮತ್ತು 500 ರಿಯಾಲ್.

ಬಿಸಿಲಿನ ವಿಷಯಕ್ಕೆ ಬಂದರೆ, ಮೊದಲು ಮಧ್ಯಾಹ್ನದ ಕೆಲಸಕ್ಕೆ ತಡೆ ಇದ್ದದ್ದು ಜೂನ್ 15ರಿಂದ ಆಗಸ್ಟ್ 31ರವರೆಗೆ, 11.30ರಿಂದ 3ರವರೆಗೆ ಮಾತ್ರ. 2021ರಲ್ಲಿ ಅದನ್ನು ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ, ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಎಂದು ಹಿಗ್ಗಿಸಿದರು. ಜೊತೆಗೆ, ಮೇಲೆ ಹೇಳಿದ ಒದ್ದೆ ಬಟ್ಟೆಯ ಲೆಕ್ಕದಲ್ಲಿ 32.1 ಡಿಗ್ರಿ ದಾಟಿದರೆ ಯಾವ ತಿಂಗಳೇ ಇರಲಿ, ಯಾವ ಹೊತ್ತೇ ಇರಲಿ, ಹೊರಗಿನ ಕೆಲಸ ನಿಲ್ಲಿಸಬೇಕು. ಬಿಸಿಲಿನಿಂದ ಜೀವಕ್ಕೆ ಅಪಾಯ ಅನಿಸಿದರೆ ಕೆಲಸ ನಿಲ್ಲಿಸಿ ದೂರು ಕೊಡುವ ಹಕ್ಕು ಕಾರ್ಮಿಕನಿಗಿದೆ. ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯೂ ಆಗಬೇಕು. ಒಳ್ಳೆಯ ನಿಯಮವೇ. ಆದರೆ ಬಂದದ್ದು ವಿಶ್ವಕಪ್‌ಗೆ ಒಂದೂವರೆ ವರ್ಷ ಇರುವಾಗ, ಹೆಚ್ಚಿನ ಕಾಂಕ್ರೀಟ್ ಕೆಲಸ ಮುಗಿದ ಮೇಲೆ.

ಮುಂದೆ ಸೌದಿ

ಸೌದಿಯ ವಿಶ್ವಕಪ್ ಇನ್ನೂ ದೊಡ್ಡದು. 48 ತಂಡ, 104 ಪಂದ್ಯ, ಐದು ನಗರಗಳಲ್ಲಿ 15 ಸ್ಟೇಡಿಯಂ. ರಿಯಾದ್, ಜೆಡ್ಡಾ, ಅಲ್ ಖೋಬರ್, ಅಭಾ ಮತ್ತು ಹೊಸದಾಗಿ ಕಟ್ಟುತ್ತಿರುವ ನಿಯೋಮ್. ಗುಡ್ಡದ ಮೇಲಿರುವ ಅಭಾ ಒಂದನ್ನು ಬಿಟ್ಟರೆ ಉಳಿದ ಕಡೆ ಬೇಸಿಗೆಯಲ್ಲಿ ಆಡಿಸುವುದು ಕಷ್ಟ. ಹಾಗಂತ ಕತಾರ್‌ನ ಹಾಗೆ ನವೆಂಬರ್-ಡಿಸೆಂಬರ್‌ಗೆ ತಳ್ಳೋಣ ಅಂದ್ರೆ, 2034ರಲ್ಲಿ ರಂಜಾನ್ ಉಪವಾಸ ಬರುವುದು ಸರಿಯಾಗಿ ಅದೇ ಹೊತ್ತಿಗೆ.

ಪಂದ್ಯದ ದಿನಾಂಕ ಹೇಗೂ ತೀರ್ಮಾನವಾಗುತ್ತದೆ. ಅದಕ್ಕೆ ಮೊದಲು ಕಟ್ಟಡ ಏಳಬೇಕು, 15ರಲ್ಲಿ ಹೆಚ್ಚಿನವು ಹೊಸವು. ಸೌದಿಯಲ್ಲಿ ಮಧ್ಯಾಹ್ನದ ಬಿಸಿಲಿನ ಕೆಲಸಕ್ಕೆ ತಡೆ ಇರುವುದು ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, 12ರಿಂದ 3 ಗಂಟೆ. ಕತಾರ್‌ಗಿಂತ ದಿನಕ್ಕೆ ಎರಡೂವರೆ ಗಂಟೆ ಕಡಿಮೆ.

ಕೆಲಸಕ್ಕೆ ಹೊರಟವರ ಮನೆಯವರು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗಕ್ಕೆ ಸೇರುತ್ತದೆ. ಅಂಥವರು ಸೌದಿ, ಕತಾರ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಕೇಂದ್ರ ಸರ್ಕಾರದ ಅನುಮತಿ ಬೇಕು, ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು. ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ಕೆಲಸಕ್ಕೆ ಸೇರಿದವರು ಈ ವಿಮೆಯಿಂದ ಹೊರಗೆ ಉಳಿಯುತ್ತಾರೆ. ವಿಮೆ ಇದ್ದರೂ 10 ಲಕ್ಷ ರೂಪಾಯಿ ಸಿಗುವುದು ಅಪಘಾತದ ಸಾವಿಗೆ, ಇಲ್ಲವೇ ಅಪಘಾತದಿಂದಾದ ಶಾಶ್ವತ ಅಂಗವೈಕಲ್ಯಕ್ಕೆ. ಬಿಸಿಲಿಗೆ ಬಿದ್ದು ಹೋದವನ ಪತ್ರದಲ್ಲಿ 'ಹೃದಯ ಸ್ತಂಭನ' ಎಂದಿದ್ದರೆ ಆ ಹಣ ಮನೆಗೆ ಬರುವುದು ಕಷ್ಟ.