ಕಾಶಿಯ ಕುಂಕುಮ ಭರಣಿಗೂ ಚನ್ನಪಟ್ಟಣದ ಗೊಂಬೆಗೂ ಅರಗಿನ ನಂಟು

ವಾರಾಣಸಿ: ಕಾಶಿಯಾತ್ರೆ ಮುಗಿಸಿ ಊರಿಗೆ ಮರಳುವ ಕನ್ನಡಿಗರ ಚೀಲದಲ್ಲಿ ಗಂಗಾಜಲದ ತಂಬಿಗೆ, ಕಾಶಿದಾರಗಳ ಜತೆಗೆ ಕೆಂಪಗೆ ಹೊಳೆಯುವ ಮರದ ಪುಟ್ಟ ಭರಣಿಯೊಂದು ಇದ್ದೇ ಇರುತ್ತದೆ. ಅಲ್ಲಿಯವರು ಅದನ್ನು ಸಿಂಧೋರಾ ಎನ್ನುತ್ತಾರೆ. ಮದುವೆಯಲ್ಲಿ ಮದುಮಗಳಿಗೆ ಸಿಂಧೂರ ತುಂಬಿ ಕೊಡುವ ಭರಣಿ ಅದು. ಜಂಗಮವಾಡಿ ಮಠದಲ್ಲೋ ಹನುಮಾನ್ ಘಾಟಿನ ಪಕ್ಕದ ಕರ್ನಾಟಕ ಘಾಟಿನ ಆಸುಪಾಸಿನಲ್ಲೋ ತಂಗಿದವರು ಅಂಗಡಿಯಲ್ಲಿ ಅದನ್ನು ಕೈಗೆತ್ತಿಕೊಂಡು "ಇದು ನಮ್ಮ ಚನ್ನಪಟ್ಟಣದ್ದೇ ಅಲ್ಲವೇ?" ಎಂದು ಕೇಳುವುದುಂಟು. ಹಾಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಊರು ಬೇರೆ, ಕೈ ಬೇರೆ. ಆದರೆ ಮರದ ಮೇಲೆ ಕೂತ ಹೊಳಪು ಒಂದೇ, ಅರಗಿನದು.

ವಾರಾಣಸಿಯ ಖೋಜವಾಂ ಭಾಗದ ಕಾಶ್ಮೀರಿಗಂಜ್ ಈ ಕಸುಬಿನ ಕೇರಿ. ಓಣಿಯ ಮನೆಗಳಲ್ಲಿ ಲೇತ್ ಯಂತ್ರಗಳು ಗಿರಗಿರನೆ ತಿರುಗುತ್ತಿರುತ್ತವೆ. ಅಲ್ಲಿನ ಭಾಷೆಯಲ್ಲಿ ಲೇತ್ ಎಂದರೆ ಖರಾದ್. ಮರದ ತುಂಡನ್ನು ಕಡೆದು ನುಣುಪು ಮಾಡಿ, ಅದು ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕುಂಚವಿಲ್ಲ, ಒಲೆಯಿಲ್ಲ, ಒಣಗಲು ಕಾಯುವ ಮಾತೂ ಇಲ್ಲ. ಚನ್ನಪಟ್ಟಣದಲ್ಲೂ ಇದೇ ಕ್ರಮ. ಅಲ್ಲಿ ಆಲೆಮರ ಬಳಸುತ್ತಾರೆ, ಕೊನೆಗೆ ಕೇದಗೆ ಜಾತಿಯ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಎರಡೂ ಊರಿನ ಕೆಲಸಕ್ಕೆ ಭೌಗೋಳಿಕ ಗುರುತು ದೊರೆತಿದೆ. ವಾರಾಣಸಿಯ ಗೋದಾವರಿ ಸಿಂಗ್ ಅವರಿಗೆ ಮರದ ಆಟಿಕೆಗಳ ಕಲೆಗಾಗಿ 2024ರಲ್ಲಿ ಪದ್ಮಶ್ರೀ ಸಂದಿರುವುದು ಉಲ್ಲೇಖನೀಯ.

ಅಂದಹಾಗೆ, ಪಾಂಡವರನ್ನು ಸುಡಲು ಕೌರವರು ಅರಗಿನ ಮನೆ ಕಟ್ಟಿಸಿದ ವಾರಣಾವತವೇ ವಾರಾಣಸಿ ಎಂದು ಕೆಲವರು ತಿಳಿದಿದ್ದಾರೆ. ಹೆಸರಿನ ಹೋಲಿಕೆಯಷ್ಟೇ. ವಾರಣಾವತವನ್ನು ಸಾಮಾನ್ಯವಾಗಿ ಪಶ್ಚಿಮ ಉತ್ತರ ಪ್ರದೇಶದ ಬಾಗ್‌ಪತ್ ಜಿಲ್ಲೆಯ ಬರ್ನಾವಾ ಎಂದು ಗುರುತಿಸುತ್ತಾರೆ.

ಅರಗು ಮರದ ಅಂಟಲ್ಲ, ಹುಳುವಿನದು. ಮುತ್ತುಗ, ಬೋರೆ, ಕುಸುಮ್ ಮರಗಳ ಎಳೆ ಕೊಂಬೆಗೆ ಕಚ್ಚಿಕೊಂಡು ರಸ ಹೀರುವ ಸಣ್ಣ ಕೀಟವೊಂದು ತನ್ನ ಮೈಸುತ್ತ ಈ ರಾಳವನ್ನು ಸುರಿಸಿಕೊಳ್ಳುತ್ತದೆ. ಕೊಂಬೆಯಿಂದ ಕೆರೆದು, ಕುಟ್ಟಿ, ತೊಳೆದರೆ ನೀರಿಗೆ ಕೆಂಪು ಬಣ್ಣ ಬಿಟ್ಟು ಕಾಳು ಉಳಿಯುತ್ತದೆ. ಆ ಕಾಳನ್ನು ಉದ್ದನೆಯ ಬಟ್ಟೆಚೀಲದಲ್ಲಿ ತುಂಬಿ, ಇದ್ದಿಲ ಬೆಂಕಿಯ ಮುಂದೆ ಹಿಂಡಿ, ಜಿನುಗಿದ ಅರಗನ್ನು ಬಿಸಿ ಇರುವಾಗಲೇ ಕೈ, ಕಾಲು, ಹಲ್ಲುಗಳಿಂದ ಹಿಡಿದೆಳೆದು ಹಾಳೆ ಮಾಡುತ್ತಿದ್ದರು. ಅದೇ ಚಪಡಾ, ಬಡಗಿಗಳು ಸ್ಪಿರಿಟ್‌ನಲ್ಲಿ ಕರಗಿಸಿ ಫ್ರೆಂಚ್ ಪಾಲಿಷ್ ಮಾಡುವುದು ಇದನ್ನೇ. ಕಾಶಿಯಿಂದ ಸುಮಾರು 60 ಕಿ.ಮೀ. ದೂರದ ಮಿರ್ಜಾಪುರ ಒಂದು ಕಾಲಕ್ಕೆ ಚಪಡಾ ವ್ಯಾಪಾರದ ದೊಡ್ಡ ಪೇಟೆಯಾಗಿತ್ತು.

ಬ್ಯಾಂಕು, ಅಂಚೆ ಕಚೇರಿಗಳಲ್ಲಿ ದುಡಿದವರಿಗೆ ಅರಗಿನ ಪರಿಚಯ ಬೇರೆ ರೀತಿಯದು. ಇನ್ಶೂರ್ಡ್ ಲಕೋಟೆಯ ಮೇಲೆ ಅರಗು ತೊಟ್ಟಿಕ್ಕಿಸಿ ಹಿತ್ತಾಳೆಯ ಮೊಹರು ಒತ್ತುವಾಗ ಬೆರಳು ಸುಟ್ಟುಕೊಳ್ಳದವರು ಕಡಿಮೆ. ಚಿನ್ನದ ಸಾಲಕ್ಕೆ ಬಂದ ಒಡವೆಯೊಳಗೆ ಅರಗು ತುಂಬಿದ್ದರೆ ಒಟ್ಟು ತೂಕದಿಂದ ಅದನ್ನು ಕಳೆದೇ ಸಾಲ. ಅಜ್ಜಿಯ ಬಳೆ ಇಷ್ಟೇ ತೂಕವೇ ಎಂದು ಗಿರಾಕಿ ಮುಖ ಸಣ್ಣದು ಮಾಡಿಕೊಳ್ಳುವುದು ಇದರಿಂದಲೇ.

ಇನ್ನು ವಿಜ್ಞಾನದ ಮಾತು. ಅಂಟಿನ ರಾಳಗಳಲ್ಲಿ ಎರಡು ಬಗೆ. ಒಂದು ಬೆಲ್ಲದ ಹಾಗೆ: ಕಾಯಿಸಿದರೆ ಕರಗುತ್ತದೆ, ಆರಿದರೆ ಗಟ್ಟಿ, ಮತ್ತೆ ಕಾಯಿಸಿದರೆ ಮತ್ತೆ ಪಾಕ. ಇನ್ನೊಂದು ಇಡ್ಲಿಯ ಹಾಗೆ: ಒಮ್ಮೆ ಬೆಂದರೆ ಮುಗಿಯಿತು, ಎಷ್ಟು ಕಾಯಿಸಿದರೂ ಹಿಟ್ಟಾಗದು. ಈ ಎರಡನೆಯದಕ್ಕೆ ಥರ್ಮೋಸೆಟ್ಟಿಂಗ್ ಎಂದು ಹೆಸರು. ಅರಗಿಗೆ ಎರಡೂ ಗುಣ ಇರುವುದು ವಿಶೇಷ. 70-80 ಡಿಗ್ರಿಯ ಸುಮಾರಿಗೆ ಮೆತ್ತಗಾಗಿ ಕರಗುವ ಅದು, 150 ಡಿಗ್ರಿಯಲ್ಲಿ ಹೆಚ್ಚು ಹೊತ್ತು ಇಟ್ಟರೆ ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ಮತ್ತೆ ಕರಗದ ಗಟ್ಟಿಯಾಗುತ್ತದೆ. ಅಷ್ಟು ಕಾಯಿಸಿದ ಅರಗು ಲೇತ್ ಕೆಲಸಕ್ಕೆ ಪ್ರಯೋಜನವಿಲ್ಲ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ವಿದ್ಯುತ್ ಉದ್ಯಮ ಬೆಳೆದಂತೆ ತಂತಿ, ಸುರುಳಿಗಳ ಹೊದಿಕೆಗೆ ಅರಗಿನ ಬೇಡಿಕೆ ಏರಿತು. ಹುಳು ಮಾತ್ರ ತನ್ನ ವೇಗದಲ್ಲೇ ಕೆಲಸ ಮಾಡುತ್ತಿತ್ತು. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಲಿಯೋ ಬೇಕ್‌ಲ್ಯಾಂಡ್ ಅರಗಿಗೆ ಬದಲಿ ಹುಡುಕುತ್ತ ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್ ಬೆರೆಸಿದರು. ಮೊದಲು ಸಿಕ್ಕ ಕರಗುವ ರಾಳಕ್ಕೆ ನೊವೊಲಾಕ್, ಅಂದರೆ ಹೊಸ ಲಾಕ್, ಎಂದು ಹೆಸರಿಟ್ಟರು. ಅದು ಅಷ್ಟೇನೂ ಓಡಲಿಲ್ಲ. ಬಿಸಿ ಮತ್ತು ಒತ್ತಡ ಎರಡನ್ನೂ ಕೊಟ್ಟು 1907ರಲ್ಲಿ ಪಡೆದದ್ದೇ ಬೇಕಲೈಟ್. ಬರೀ ರಾಳ ಪೆಡಸು, ಬೇಗ ಸೀಳುತ್ತದೆ. ಅದಕ್ಕೆ ಮರದ ಹುಡಿ ಸೇರಿಸಿದ ಮೇಲೆಯೇ ಅದು ಸ್ವಿಚ್ಚು, ಟೆಲಿಫೋನು, ಕುಕ್ಕರಿನ ಹಿಡಿಯಾಗಿ ಮನೆಮನೆ ಸೇರಿತು. ಹುಡಿ ಸೇರಿಸುವ ಈ ಉಪಾಯವೂ ಹೊಸದಲ್ಲ. ಗ್ರಾಮಫೋನ್ ತಟ್ಟೆಯಲ್ಲಿ ಹೆಚ್ಚಿನ ಪಾಲು ಕಲ್ಲಿನ ಪುಡಿ, ಒಂದಿಷ್ಟು ಕಾಡಿಗೆಯ ಮಸಿ. ಹಿಡಿದಿಡಲು ಮಾತ್ರ ಅರಗು.

ಕಾಶಿಗೂ ಮೈಸೂರಿಗೂ ಗಂಟು ಬೀಳುವುದು ಆ ತಟ್ಟೆಯಲ್ಲೇ. ಬಾಲ್ಯದಲ್ಲಿ ಬನಾರಸದಲ್ಲಿ ಬೆಳೆದು ಕೋಲ್ಕತ್ತದಲ್ಲಿ ಹೆಸರಾದ ಗೌಹರ್ ಜಾನ್ 1902ರಲ್ಲಿ ಗ್ರಾಮಫೋನಿಗೆ ಹಾಡಿದರು. ತಟ್ಟೆ ಒತ್ತಿದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಆ ಕಾಲಕ್ಕೆ ಜಗತ್ತಿನ ಅರಗಿನ ಬಹುಪಾಲು ಹೋಗುತ್ತಿದ್ದುದು ಭಾರತದಿಂದಲೇ. ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಶ್ರಯ ಪಡೆದ ಆಕೆ 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಕಾಶಿ ಹಿಂದೂ ವಿಶ್ವವಿದ್ಯಾಲಯದ ಮೊದಲ ಚಾನ್ಸಲರ್ ಆಗಿದ್ದವರೂ ಇದೇ ನಾಲ್ವಡಿಯವರು. ರಾಜ್ಯದ ಕಾಡಿನ ಅರಗಿಗೆ ನೆಲೆ ಕೊಡಲು 1937ರಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರುವಾದದ್ದೂ ಅವರ ಆಳ್ವಿಕೆಯಲ್ಲೇ. 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಅಳಿಸಲಾಗದ ಶಾಯಿ ಕೊಡುತ್ತಿರುವುದು ಇದೇ ಕಾರ್ಖಾನೆ. ಹೆಸರು 1989ರಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಎಂದಾಯಿತು, ಲ್ಯಾಕ್ ಎಂಬ ಮಾತು ಬಿಟ್ಟುಹೋಯಿತು.

ಅರಗು ಬಿಟ್ಟುಹೋಗುವ ಭಯ ಕಾಶ್ಮೀರಿಗಂಜ್‌ನಲ್ಲೂ ಚನ್ನಪಟ್ಟಣದಲ್ಲೂ ಇದೆ. ಪ್ಲಾಸ್ಟಿಕ್ ಆಟಿಕೆಯ ಪೈಪೋಟಿ ಒಂದು ಕಡೆ. ಮರದ್ದೇ ಆಟಿಕೆಗೆ ಡಬ್ಬಿಯ ಎನಾಮಲ್ ಬಣ್ಣ ಬಳಿದು ಅದೇ ಹೆಸರಿನಲ್ಲಿ ಮಾರುವುದು ಇನ್ನೊಂದು ಕಡೆ. ಇದು ಬರೀ ಶಾಸ್ತ್ರದ ಪ್ರಶ್ನೆಯಲ್ಲ. ಮಗು ಆಟಿಕೆಯನ್ನು ಮೊದಲು ಇಡುವುದು ಬಾಯಲ್ಲಿ. ಔಷಧದ ಮಾತ್ರೆಗಳಿಗೂ ಲೇಪಿಸುವಷ್ಟು ನಿರಪಾಯಕಾರಿ ಶುದ್ಧ ಅರಗು. ಬೆರೆಸಿದ ಬಣ್ಣವೂ ಹಾಗೆಯೇ ಇರಬೇಕಷ್ಟೆ. ಕಳಪೆ ಬಣ್ಣದಲ್ಲಿ ಸೀಸ ಇರುವ ಅಪಾಯವುಂಟು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ, ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ಆಟಿಕೆಗಳಿಗೂ ವಿನಾಯಿತಿ ಸಿಕ್ಕಿತು. ಮನೆಯಲ್ಲಿ ಒಂದೇ ಲೇತ್ ಇಟ್ಟುಕೊಂಡವರು ಉಳಿಯಲು ಅದು ಬೇಕೇ ಇತ್ತು. ಆದರೆ ಪರೀಕ್ಷೆಯ ಹೊಣೆ ಗಿರಾಕಿಯ ಮೇಲೂ ಬಂದಂತಾಯಿತು.

ಕಾಶಿ ಪ್ರವಾಸ ಏರ್ಪಡಿಸುವ ಸಂಘಗಳವರು ಸದಸ್ಯರಿಗೆ ತಿಳಿಸಬಹುದಾದ ಸುಲಭ ಉಪಾಯವೊಂದಿದೆ. ಭರಣಿಯ ತಳದಲ್ಲಿ, ಕಣ್ಣಿಗೆ ಬೀಳದ ಕಡೆ, ಸರ್ಜಿಕಲ್ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಸ್ವಲ್ಪ ಹೊತ್ತು ಉಜ್ಜಬೇಕು. ಅರಗಾದರೆ ಅಂಟಂಟಾಗಿ ಹತ್ತಿಗೆ ಬಣ್ಣ ಹತ್ತುತ್ತದೆ. ಚೆನ್ನಾಗಿ ಒಣಗಿದ ಎನಾಮಲ್ ಅಷ್ಟು ಸುಲಭವಾಗಿ ಬಿಡದು. ಕೊಳ್ಳುವ ಮೊದಲೇ ಮಾಡುವುದಾದರೆ ಅಂಗಡಿಯವರನ್ನು ಕೇಳಿ ಮಾಡುವುದು ಮರ್ಯಾದೆ. ಮನೆಗೆ ತಂದ ಮೇಲೆ ಅರಗಿನ ತಟ್ಟೆಯ ಮೇಲೆ ಕುದಿಯುವ ಕಾಫಿಯ ಲೋಟ ಇಡಬಾರದು, ಕಲೆ ಬೀಳುತ್ತದೆ. ಒರೆಸಲು ಒಣ ಬಟ್ಟೆಯೇ ಸಾಕು.